ಸೆವ್ರಿನ್ ಟೀಚರ್ ಮತ್ತು ಮಾತು ಕೇಳುವ ಸೈನ್ಯ

ಅಟ್ಟದಿಂದ ರಟ್ಟಿನ ಪೆಟ್ಟಿಗೆ ಇಳಿಸಿದ್ದು ಮಿಕ್ಸಿಯ ಹಳೆಯ ಜಾರ್ ಹುಡುಕಲು. ಹೆಂಡತಿ ಅದು ಅಲ್ಲೇ ಇದೆ ಎಂದಿದ್ದಳು. ಜಾರ್ ಸಿಗಲಿಲ್ಲ, ಒಂದು ಹೆಡ್‌ಸೆಟ್ ಸಿಕ್ಕಿತು. ಒಂದೇ ಕಿವಿಗೆ ಸ್ಪಂಜು, ಬಾಯಿಯ ಎದುರಿಗೆ ಬಾಗಿ ಬರುವ ಪುಟ್ಟ ಮೈಕು, ವಯರಿನ ಬುಡಕ್ಕೆ ಸುತ್ತಿದ ಇನ್ಸುಲೇಶನ್ ಟೇಪು. ನಾನು ಅದನ್ನು ಮೂಗಿನ ಹತ್ತಿರ ಹಿಡಿದೆ. ನಗಬೇಡಿ, ಹಳೆಯ ವಸ್ತು ಕೈಗೆ ಸಿಕ್ಕರೆ ನೀವೂ ಮೊದಲು ಮೂಸಿಯೇ ನೋಡುವುದು. ಸ್ಪಂಜಿನಲ್ಲಿ ನೀಲಗಿರಿ ಎಣ್ಣೆಯ ವಾಸನೆ ಇನ್ನೂ ತೆಳ್ಳಗೆ ಉಳಿದಿತ್ತು. ಕಾರ್ಕಳದ ನಮ್ಮ ಮನೆಯ ಏಣಿಯ ಮೇಲೆ ನಿಂತಿದ್ದ ನನಗೆ ಆ ಕ್ಷಣ ಸೆವ್ರಿನ್ ಟೀಚರ್ ನೆನಪಾದರು. ಅವರ ಜತೆಗೆ ಅವರ ಟ್ಯಾಂಕುಗಳೂ, ಹೆಲಿಕಾಪ್ಟರುಗಳೂ, ಒಂದು ಇಡೀ ಬೇಸಗೆ ರಜೆಯ ಯುದ್ಧವೂ ನೆನಪಾದವು.

ಮಣಿಪಾಲದಲ್ಲಿ ನನಗೆ ಮೊದಲ ಕೆಲಸ ಸಿಕ್ಕಿದಾಗ ಕಲ್ಯಾಣಪುರದಲ್ಲಿ ಅವರ ಮನೆಗೆ ತಾಗಿಕೊಂಡಿದ್ದ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ನನ್ನದು ಉಚ್ಚಿಲದ ಮೀನುಗಾರರ ಮನೆ, ಮನೆಮಾತು ತುಳು. ಅವರದು ಕೊಂಕಣಿ. ಆದರೆ ಟೀಚರ್ ಕಾಪು ಕಡೆಯ ಒಂದು ಕನ್ನಡ ಶಾಲೆಯಲ್ಲಿ ಡ್ರಿಲ್ ಕಲಿಸುತ್ತಿದ್ದವರು, ಹೊರಗಿನವರು ಯಾರೇ ಎದುರಾದರೂ ಕನ್ನಡದಲ್ಲೇ ಮಾತಾಡುವವರು. ನನ್ನನ್ನೂ ಮೊದಲ ದಿನದಿಂದಲೇ ಕ್ಲಾಸಿಗೆ ಸೇರಿಸಿಕೊಂಡರು. ಬೆಳಿಗ್ಗೆ ಅವರ ಅಡುಗೆಮನೆಯಿಂದ "ಬಸ್ಸು ಬರುವ ಹೊತ್ತಾಯ್ತು, ಇನ್ನೂ ಮಲಗಿದ್ದೀಯಾ?" ಎಂದು ಒಂದು ಕೂಗು ಬಂದರೆ ನಾನು ಮಾತ್ರವಲ್ಲ, ಆಚೆ ಮನೆಯವರೂ ಏಳುತ್ತಿದ್ದರು.

ನನಗೆ ಅದರಿಂದ ತೊಂದರೆಯೇನೂ ಆಗಲಿಲ್ಲ ಎನ್ನಬೇಕು. ನಮ್ಮ ಮನೆಯಲ್ಲಿ ಎಲ್ಲರೂ ಮಾತಾಡುವುದೇ ಕೂಗಿ. ಕಡಲಿನ ಸದ್ದಿನ ಪಕ್ಕದಲ್ಲಿ ಹುಟ್ಟಿದವರಿಗೆ ಅದು ಕೂಗು ಎಂದು ಗೊತ್ತೇ ಇರುವುದಿಲ್ಲ. ಅಪ್ಪ ದೋಣಿಯಲ್ಲಿ ಮಾತಾಡಿದ ಸ್ವರದಲ್ಲೇ ಊಟಕ್ಕೆ ಕೂತು ಉಪ್ಪು ಕೇಳುತ್ತಿದ್ದರು. ನಾನು ಆಫೀಸಿನಲ್ಲಿ ಅಮ್ಮನಿಗೆ ಫೋನು ಮಾಡಿ "ಊಟ ಆಯ್ತಾ?" ಎಂದು ವಿಚಾರಿಸಿದರೆ, ಪಕ್ಕದ ಟೇಬಲಿನವನು ಆಮೇಲೆ ಮೆಲ್ಲನೆ ಬಂದು, ಮನೆಯಲ್ಲಿ ಏನಾದರೂ ಗಲಾಟೆಯೇ ಎಂದು ಕೇಳುತ್ತಿದ್ದ.

ಟೀಚರ್ ಗಂಟಲು ಹರಿದುಕೊಂಡದ್ದೂ ಕಡಲಿನಿಂದಲೇ. ಅವರ ಶಾಲೆಯ ಮೈದಾನ ಸಮುದ್ರದ ಕಡೆಗೆ ತೆರೆದುಕೊಂಡಿತ್ತು. ಪಡುವಣ ಗಾಳಿ ಬೀಸಿದರೆ ಬಾಯಿಂದ ಹೊರಟ ಮಾತು ಹಿಂದಕ್ಕೆ ಹಾರುತ್ತಿತ್ತು. ಮುಖ್ಯೋಪಾಧ್ಯಾಯರು ಮೈಕು ತಂದಿಟ್ಟರೆ ಟೀಚರಿಗೆ ಅವಮಾನ. "ಮೈಕ್ ಭಾಷಣ ಮಾಡುವವರಿಗೆ. ಸಾವಧಾನ್ ಹೇಳಲಿಕ್ಕೆ ಮೈಕ್ ಬೇಕಾದರೆ ನಾನು ಎಂತಕ್ಕೆ?" ಎನ್ನುತ್ತಿದ್ದರು. ಹಾಗೆ ಗಾಳಿಯ ಜತೆ ಹಟಕ್ಕೆ ಬಿದ್ದು ವರ್ಷಗಟ್ಟಲೆ ಕೂಗಿದ್ದರು. ಕೊನೆಗೆ ಒಂದು ಚಳಿಗಾಲದಲ್ಲಿ ಕ್ರೀಡೋತ್ಸವ ಮುಗಿಸಿ ಬಂದವರ ಗಂಟಲಿನಿಂದ ಬಾಗಿಲು ಎಳೆದಂಥ ಸದ್ದು ಬಿಟ್ಟು ಬೇರೇನೂ ಬರಲಿಲ್ಲ. ಶುಂಠಿ ಕಷಾಯ, ಜ್ಯೇಷ್ಠಮಧು, ಕುತ್ತಿಗೆಗೆ ನೀಲಗಿರಿ ಎಣ್ಣೆ, ಎಲ್ಲ ಆಯಿತು. ಮಣಿಪಾಲದ ಡಾಕ್ಟರು ಇಣುಕಿ ನೋಡಿ, ಸ್ವರದ ಎಳೆಗಳ ಮೇಲೆ ಗಂಟುಗಳಾಗಿವೆ ಎಂದರು. ಹಾರೆ ಹಿಡಿದವರ ಅಂಗೈಯಲ್ಲಿ ಆಗುತ್ತದಲ್ಲ, ಹಾಗೆ. ಬೇಸಗೆ ರಜೆ ಮುಗಿಯುವುದರೊಳಗೆ ಇಳಿಯಬೇಕು, ಇಳಿಯದಿದ್ದರೆ ಆಪರೇಷನ್ ಮಾಡಬೇಕು, ಆಮೇಲೆ ಕವಾಯತಿನ ಆಸೆ ಬಿಡುವುದು ಒಳ್ಳೆಯದು ಎಂದರು.

ಟೀಚರಿಗೆ ಅದು ನಿವೃತ್ತಿಯ ವರ್ಷ. ಬರುವ ಆಗಸ್ಟ್ ಹದಿನೈದರದ್ದೇ ಕೊನೆಯ ಕವಾಯತು. ಅದನ್ನು ಬೇರೆಯವರ ಕೈಗೆ ಕೊಟ್ಟು ತಾನು ಅತಿಥಿಗಳ ಸಾಲಿನಲ್ಲಿ ಕೂರುವ ಮಾತು ಅವರ ಕಿವಿಗೇ ಹೋಗುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಸ್ವರದ ವ್ಯಾಯಾಮ ಹೇಳಿಕೊಡುವ ಹುಡುಗಿ ಒಂದೇ ನಿಯಮ ಹೇಳಿ ಕಳಿಸಿದ್ದಳು. ಕೂಗಬಾರದು, ಪಿಸುಗುಟ್ಟಲೂ ಬಾರದು. ಎದುರಿಗೆ ಕೂತವರಿಗೆ ಕೇಳುವಷ್ಟು, ಚಿಕ್ಕ ಚಿಕ್ಕ ವಾಕ್ಯ, ನಡುವೆ ಉಸಿರು. ಕೇಳಲಿಕ್ಕೆ ಎಷ್ಟು ಸುಲಭ! ಟೀಚರ ಹತ್ತಿರ ಇದ್ದದ್ದು ಎರಡೇ ಸ್ವರ. ಒಂದು ಮೈದಾನದ್ದು, ಇನ್ನೊಂದು ಇಗರ್ಜಿಯಲ್ಲಿ ಪ್ರಾರ್ಥನೆಯ ನಡುವೆ ಪಿಸುಗುಟ್ಟುವುದು. ನಡುವಿನದ್ದು ಅವರಿಗೆ ಗೊತ್ತೇ ಇರಲಿಲ್ಲ.

ನನ್ನ ಗೇಮ್ ಪೆಟ್ಟಿಗೆ ಕತೆಯೊಳಗೆ ಬಂದದ್ದು ಇಲ್ಲಿ. ಸಹೋದ್ಯೋಗಿಯೊಬ್ಬ ಕೊಟ್ಟ ಹಳೆಯ ಪೆಟ್ಟಿಗೆ. ನನ್ನ ಕೋಣೆಯಲ್ಲಿ ಟಿ.ವಿ. ಇಲ್ಲದ್ದರಿಂದ ಸಂಜೆ ಹೊತ್ತು ಟೀಚರ ಚಾವಡಿಯ ಟಿ.ವಿ.ಗೆ ಜೋಡಿಸಿ ಆಡುತ್ತಿದ್ದೆ. ಅದರಲ್ಲಿ ಒಂದು ಯುದ್ಧದ ಆಟ ಇತ್ತು. ನೀವು ಕೇವಲ ಸೇನಾಪತಿ. ಓಡಬೇಕಾಗಿಲ್ಲ, ಗುಂಡು ಹೊಡೆಯಬೇಕಾಗಿಲ್ಲ. ಹೆಡ್‌ಸೆಟ್ ಹಾಕಿ, ಒಂದು ಗುಂಡಿ ಒತ್ತಿ ಹಿಡಿದು ಆಜ್ಞೆ ಕೊಡಬೇಕು. ಯಾರು, ಏನು ಮಾಡಬೇಕು, ಎಲ್ಲಿ, ಇಷ್ಟೇ. "ಯೂನಿಟ್ ತ್ರೀ, ಮೂವ್ ಟು ಬ್ರಾವೋ" ಎಂದರೆ ಮೂರನೆಯ ತುಕಡಿ ನಕಾಶೆಯಲ್ಲಿ ಬ್ರಾವೋ ಎಂದು ಬರೆದ ಕಡೆಗೆ ಹೊರಡುತ್ತಿತ್ತು. ನೀವು ಯೋಚಿಸುತ್ತಾ ಕೂತರೆ ವೈರಿ ಕಾಯುವುದಿಲ್ಲ, ಅವನು ಅವನ ಪಾಡಿಗೆ ಬರುತ್ತಲೇ ಇರುತ್ತಾನೆ. ನಾನು ಉಚ್ಚಿಲದ ಸ್ವರದಲ್ಲಿ ಆಜ್ಞೆ ಕೊಟ್ಟರೆ ಸೈನಿಕ ಅಲ್ಲಾಡುತ್ತಿರಲಿಲ್ಲ. "ಸೇ ಅಗೇನ್, ಕಮಾಂಡರ್" ಎನ್ನುತ್ತಿದ್ದ. ಮೈಕು ತುಟಿಯ ಹತ್ತಿರವೇ ಇರುವಾಗ ಕೂಗಿದರೆ ಅದಕ್ಕೆ ಬರೀ ಗದ್ದಲ ಕೇಳಿಸುತ್ತದೆ. ಪಿಸುಗುಟ್ಟಿದರೆ ಏನೂ ಕೇಳಿಸುವುದಿಲ್ಲ.

ಟೀಚರ್ ಒಂದು ಸಂಜೆ ಇದನ್ನೆಲ್ಲ ನೋಡುತ್ತಾ ನಿಂತಿದ್ದರು. ಆಮೇಲೆ ಬಿರುಕು ಸ್ವರದಲ್ಲಿ, "ಆ ಹುಡುಗಿ ಹೇಳಿದ್ದನ್ನೇ ಇದು ಹೇಳ್ತದಲ್ಲ ಮಾರಾಯ. ಕೊಡು ಇಲ್ಲಿ" ಎಂದು ಹೆಡ್‌ಸೆಟ್ ಕಿತ್ತುಕೊಂಡರು.

ಆಡುವವರ ಸ್ವರದ ಗುರುತು ಹಿಡಿಯಲು ಆಟ ಮೊದಲು ಕೆಲವು ವಾಕ್ಯಗಳನ್ನು ಓದಿಸುತ್ತದೆ. ಟೀಚರ್ ತಮ್ಮ ಒಡೆದ ಗಂಟಲಿನಲ್ಲೇ ಕಷ್ಟಪಟ್ಟು ಓದಿದರು. ಪೆಟ್ಟಿಗೆ ಮತ್ತೆ ಮತ್ತೆ ಓದಿಸಿ ಕೊನೆಗೆ ಒಪ್ಪಿಕೊಂಡಿತು. ನಾನು 'ಟೀಚರ್' ಎಂದು ಹೆಸರು ಹಾಕಿದೆ.

ಆಮೇಲೆ ನಡೆದ ಯುದ್ಧಗಳನ್ನು ನೀವು ನೋಡಬೇಕಿತ್ತು. ಟ್ಯಾಂಕುಗಳು ಅಡ್ಡಾದಿಡ್ಡಿ ನಿಂತರೆ ಟೀಚರಿಗೆ ಸಹಿಸಲಾಗುತ್ತಿರಲಿಲ್ಲ. ವೈರಿ ಸೇತುವೆ ದಾಟುತ್ತಿದ್ದರೂ ಇವರು ಮೊದಲು ಸಾಲು ಸರಿಮಾಡಿಸುತ್ತಿದ್ದರು. "ಎಂತ ನಿಲ್ಲುವ ಕ್ರಮ ಇದು? ಕುಳ್ಳಗಿನವು ಮುಂದೆ ಬರಬೇಕು ಅಲ್ವಾ?" ಎಂದು ನನ್ನನ್ನೇ ಗದರಿಸುತ್ತಿದ್ದರು. ಒಂದು ತುಕಡಿಯನ್ನು ಬಹಳ ಓಡಾಡಿಸಿದ್ದರೆ, ಪಾಪ ಬೆವರಿರಬೇಕು ಎಂದು ಸ್ವಲ್ಪ ಹೊತ್ತು ಮರದ ನೆರಳಿಗೆ ಕಳಿಸುತ್ತಿದ್ದರು. ಮೊದಮೊದಲು ಬರೀ ಸೋಲು. ಆಟ ಬಿಸಿಯೇರಿದ ಕೂಡಲೇ ಮೈದಾನದ ಸ್ವರ ಎದ್ದು ಬರುತ್ತಿತ್ತು, ಸೈನಿಕ "ಸೇ ಅಗೇನ್" ಎನ್ನುತ್ತಿದ್ದ, ಟೀಚರ್ ಹಲ್ಲು ಕಚ್ಚಿ ಉಸಿರು ತೆಗೆದುಕೊಂಡು ಮೆಲ್ಲನೆ ಹೇಳುತ್ತಿದ್ದರು. ಶಾಲೆಯಲ್ಲಿ ಅವರಿಗೆ 'ಮತ್ತೊಮ್ಮೆ ಹೇಳಿ' ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಇವನೊಬ್ಬನಿಗಿತ್ತು.

ಏಳು ಗಂಟೆಗೆ ಯುದ್ಧವಿರಾಮ. ಅವರ ಗಂಡ ಫೆಲಿಕ್ಸ್ ಅಂಕಲ್ ಜಗಲಿಯಿಂದ ಎದ್ದು ಬಂದು, "ತೇರ್ಸಿಗೆ ಹೊತ್ತಾಯ್ತು, ಸೈನಿಕರು ಮನೆಗೆ ಹೋಗಲಿ" ಎನ್ನುತ್ತಿದ್ದರು. ತೇರ್ಸ್ ಎಂದರೆ ಅವರ ಮನೆಯ ಸಂಜೆಯ ಜಪಮಾಲೆ ಪ್ರಾರ್ಥನೆ. ಒಬ್ಬರು ಮುಂದೆ ಹೇಳುವುದು, ಉಳಿದವರು ಉತ್ತರ ಕೊಡುವುದು. ಮುಂದೆ ಹೇಳುವುದು ಯಾವಾಗಲೂ ಟೀಚರ್. ಆ ಬೇಸಗೆಯಲ್ಲಿ ಮಾತ್ರ ಆ ಕೆಲಸ ಅಂಕಲ್ ಮೇಲೆ ಬಿದ್ದಿತ್ತು. ಅಂಕಲ್ ವರ್ಷಗಟ್ಟಲೆ ಗಲ್ಫಿನಲ್ಲಿದ್ದು ಬಂದವರು, ಮಾತು ಬಹಳ ಕಡಿಮೆ. ಹೇಳಿದ್ದನ್ನೂ ಅರ್ಧ ಮೀಸೆಯೊಳಗೇ ಇಟ್ಟುಕೊಳ್ಳುತ್ತಿದ್ದರು. ನಾನು ಪೆಟ್ಟಿಗೆ ಎತ್ತಿಕೊಂಡು ನನ್ನ ಕೋಣೆಗೆ ಹೋದರೆ ಗೋಡೆಯಾಚೆಯಿಂದ ಅವರ ಗೊಣಗು ಕೇಳುತ್ತಿತ್ತು.

ಮೇ ತಿಂಗಳು ಮುಗಿಯುತ್ತಾ ಬಂದಾಗ ಟೀಚರ್ ನನಗಿಂತ ಒಳ್ಳೆಯ ಸೇನಾಪತಿ ಆಗಿದ್ದರು. ಗೆದ್ದರೆ ಕೂಗುತ್ತಿರಲಿಲ್ಲ, ಮೇಜು ಬಡಿಯುತ್ತಿದ್ದರು. ಡಾಕ್ಟರನ್ನು ಕಾಣುವ ದಿನ ಹತ್ತಿರ ಬಂತು. ಆಗಲೇ ಆ ಅನಾಹುತ ಆದದ್ದು.

ಟೀಚರ್ ಎಂದಿನಂತೆ ಕೂತು, "ಯೂನಿಟ್ ಒನ್, ಮೂವ್ ಟು ಆಲ್ಫಾ" ಎಂದರು. "ಸೇ ಅಗೇನ್, ಕಮಾಂಡರ್." ಉಸಿರು ತೆಗೆದುಕೊಂಡು ಮತ್ತೆ ಹೇಳಿದರು. ಅದೇ ಉತ್ತರ. ಕೂಗಿರಲಿಲ್ಲ, ಪಿಸುಗುಟ್ಟಿರಲೂ ಇಲ್ಲ. ಮರುದಿನ ಇನ್ನೂ ಕೆಟ್ಟಿತು. ಹತ್ತು ಆಜ್ಞೆ ಕೊಟ್ಟರೆ ಒಂದಕ್ಕೂ ಸೈನ್ಯ ಓಗೊಡಲಿಲ್ಲ. ವೈರಿ ನಿರಾಳವಾಗಿ ಬಂದು ಎಲ್ಲ ಮುಗಿಸಿ ಹೋದ. ನಾನು ವಯರು ಅಲ್ಲಾಡಿಸಿದೆ, ಬುಡಕ್ಕೆ ಟೇಪು ಸುತ್ತಿದೆ. ನಾನೇ ಹಾಕಿಕೊಂಡು ನನ್ನ ಹೆಸರಿನಲ್ಲಿ, ಸ್ವರ ತಗ್ಗಿಸಿ ಆಡಿದರೆ ಸರಿಯಾಗಿಯೇ ಕೇಳುತ್ತಿತ್ತು!

ಟೀಚರ್ ಹೆಡ್‌ಸೆಟ್ ತೆಗೆದು ಮಡಿಲಲ್ಲಿಟ್ಟುಕೊಂಡರು. ಅವರ ಕಣ್ಣಲ್ಲಿ ನೀರು ಇತ್ತು. ಇಡೀ ಶಾಲೆಯನ್ನು ಬಿಸಿಲಲ್ಲಿ ನಿಲ್ಲಿಸಿದ ಹೆಂಗಸಿನ ಕಣ್ಣಲ್ಲಿ ನೀರು ನೋಡಿ ನಾನು ಟಿ.ವಿ.ಯ ಸದ್ದು ತಗ್ಗಿಸಿದೆ.

"ಹೋಯ್ತು ಮಾರಾಯ. ಇಷ್ಟು ದಿನ ಒಡೆದ ಸ್ವರವಾದರೂ ಉಂಟು ಅಂತ ಇತ್ತು. ಈಗ ಅದೂ ಹೋಯ್ತು. ಪೆಟ್ಟಿಗೆಗೆ ಗೊತ್ತಾಯ್ತು ನೋಡು" ಎಂದರು.

ಜಗಲಿಯಲ್ಲಿ ಕೂತಿದ್ದ ಫೆಲಿಕ್ಸ್ ಅಂಕಲ್ ಎದ್ದು ಬಂದು ಬಾಗಿಲಲ್ಲಿ ನಿಂತರು. ಅವರಿಬ್ಬರ ನಡುವೆ ಮಾತು ಯಾವಾಗಲೂ ಕೊಂಕಣಿಯಲ್ಲಿ. ಅವತ್ತು ನನಗೂ ತಿಳಿಯಲಿ ಎಂದೋ ಏನೋ, ಕನ್ನಡದಲ್ಲಿ ಹೇಳಿದರು.

"ಅದಕ್ಕೆ ಗುರ್ತ ಸಿಗದಿದ್ದರೆ ಬಿಡು. ನನಗೆ ಸಿಕ್ಕಿದೆ."

"ಎಂತ ಗುರ್ತ?" ಎಂದರು ಟೀಚರ್.

"ಸ್ವರದ ಗುರ್ತ. ಗಲ್ಫಿನಲ್ಲಿ ನನಗೆ ನೀನು ಅಂದರೆ ಫೋನಿನಲ್ಲಿ ಬರುವ ಸ್ವರ ಮಾತ್ರ. ಶುಕ್ರವಾರ ಶುಕ್ರವಾರ ಅದನ್ನು ಕೇಳಲಿಕ್ಕೆ ಲೈನಿನಲ್ಲಿ ನಿಲ್ತಿದ್ದೆ. ಊರಿಗೆ ವಾಪಸ್ ಬರುವಾಗ ಅದು ಇರಲಿಲ್ಲ, ಬರೀ ಬೊಬ್ಬೆ ಇತ್ತು. ಎರಡು ದಿನದಿಂದ ಹೊರಗೆ ಕೂತು ಕೇಳ್ತಾ ಇದ್ದೇನೆ. ನೀನು ಮತ್ತೆ ಆ ಸ್ವರದಲ್ಲಿ ಮಾತಾಡ್ತಾ ಇದ್ದೀ."

ಅಂಕಲ್ ಅಷ್ಟುದ್ದ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಅಷ್ಟು ಹೇಳಿ ಅವರೇ ನಾಚಿಕೊಂಡು ಹೋಗಿ ಕುರ್ಚಿಯಲ್ಲಿ ಕೂತರು. ನನ್ನ ಮಂದ ತಲೆಗೆ ವಿಷಯ ಹೊಳೆದದ್ದು ಆಗ. ಪೆಟ್ಟಿಗೆ ಕಲಿತದ್ದು ಒಡೆದ ಗಂಟಲಿನ ಟೀಚರನ್ನು. ಆ ಗಂಟಲು ಈಗ ಇರಲಿಲ್ಲ. ಸೈನ್ಯ ತನ್ನ ಹಳೆಯ ಸೇನಾಪತಿಯನ್ನು ಹುಡುಕುತ್ತಿತ್ತು, ಅಷ್ಟೆ. ನಾನು ಹೊಸದಾಗಿ 'ಟೀಚರ್ ಎರಡು' ಎಂದು ಹೆಸರು ಹಾಕಿ ವಾಕ್ಯಗಳನ್ನು ಮತ್ತೆ ಓದಿಸಿದೆ. ಪೆಟ್ಟಿಗೆ ಈ ಸಲ ಒಂದನ್ನೂ ಎರಡನೆಯ ಬಾರಿ ಕೇಳಲಿಲ್ಲ. "ಯೂನಿಟ್ ಒನ್, ಮೂವ್ ಟು ಆಲ್ಫಾ" ಎಂದ ಕೂಡಲೇ ಟ್ಯಾಂಕುಗಳು ಹೊರಟವು. ಟೀಚರ್ ಆಡಲಿಲ್ಲ. ಗುಂಡಿಯಿಂದ ಕೈ ತೆಗೆದು, ತನ್ನ ಸ್ವರವನ್ನು ತಾನೇ ಕೇಳಿಕೊಳ್ಳುವವರಂತೆ ಅದೇ ಆಜ್ಞೆಯನ್ನು ಇನ್ನೊಮ್ಮೆ ಹೇಳಿಕೊಂಡರು. ಅವತ್ತು ಸಂಜೆ ಗೋಡೆಯಾಚೆ ತೇರ್ಸಿನಲ್ಲಿ ಮುಂದೆ ಹೇಳಿದ್ದು ಅವರೇ. ನನಗೆ ಆ ಪ್ರಾರ್ಥನೆಯ ಒಂದು ಮಾತೂ ಬಾರದು, ಆದರೂ ಮುಗಿಯುವವರೆಗೆ ಮಂಚದ ಮೇಲೆ ಕೂತು ಕೇಳಿದೆ. ಸಂತೋಷವಾಗಿತ್ತು.

ಡಾಕ್ಟರೂ ಇಣುಕಿ ನೋಡಿ, ಗಂಟುಗಳು ಇಳಿದಿವೆ, ಆಪರೇಷನ್ ಬೇಡ, ಆದರೆ ಕೂಗಿದರೆ ಮತ್ತೆ ಬರುತ್ತವೆ ಎಂದರು. ಆಗಸ್ಟ್ ಹದಿನೈದಕ್ಕೆ ನಾನು ಕೊಡೆ ಹಿಡಿದು ಶಾಲೆಯ ಗೋಡೆಯ ಬದಿಯಲ್ಲಿ ನಿಂತಿದ್ದೆ. ಜಿಟಿಜಿಟಿ ಮಳೆ, ಅದರ ಮೇಲೆ ಗಾಳಿ. ಟೀಚರ್ ನೇರವಾಗಿ ಮೈಕಿನ ಮುಂದೆ ಬಂದು ನಿಂತರು. ಅದನ್ನು ತಮ್ಮ ಬಾಯಿಯ ಎತ್ತರಕ್ಕೆ ತಿರುಗಿಸಿಕೊಂಡು, ಉಸಿರು ತೆಗೆದುಕೊಂಡು, ಎದುರಿಗೆ ಕೂತವರಿಗೆ ಹೇಳುವಷ್ಟೇ ಸ್ವರದಲ್ಲಿ "ಸಾವಧಾನ್" ಎಂದರು. ಟೀಚರ ಗುಡುಗಿಗೆ ಕಾಯುತ್ತಿದ್ದ ಮಕ್ಕಳು ಒಂದು ಗಳಿಗೆ ಮುಖ ಮುಖ ನೋಡಿಕೊಂಡರು. ಹಿಂದಿನ ಸಾಲಿನ ಒಬ್ಬಳು ಹುಡುಗಿ ಕಿಸಕ್ಕನೆ ನಕ್ಕಳು ಕೂಡ. ಆಮೇಲೆ ಎಲ್ಲರ ಕಾಲೂ ಕೂಡಿತು. ಕವಾಯತು ಮುಗಿಸಿ ಬಂದ ಟೀಚರ್ ನನ್ನ ಕೊಡೆಯೊಳಗೆ ನುಗ್ಗಿ, "ಈ ಮೈಕನ್ನು ಮೊದಲೇ ಹಿಡಿದಿದ್ದರೆ ಎಷ್ಟು ಗಂಟಲು ಉಳೀತಿತ್ತು ಅಲ್ವಾ!" ಎಂದು ನಕ್ಕರು. ಒಂದು ಚೂರು ಬೇಸರವೂ ಆ ನಗುವಿನಲ್ಲಿ ಇರಲಿಲ್ಲ.

ಈಗ ಹೇಳಿ, ಇಷ್ಟೆಲ್ಲ ನೆನಪಾದ ಮೇಲೆ ಮಿಕ್ಸಿ ಜಾರ್ ಯಾರಿಗೆ ಬೇಕು? ಗೇಮ್ ಪೆಟ್ಟಿಗೆಯೂ ಸಿಕ್ಕಿತು, ಜೋಡಿಸಿದರೆ ಗುರ್ ಎಂದು ಎದ್ದಿತು. ಭಾನುವಾರ ಅದನ್ನು ಬಗಲಲ್ಲಿಟ್ಟುಕೊಂಡು ಕಲ್ಯಾಣಪುರಕ್ಕೆ ಹೋದೆ. ಟೀಚರ ತಲೆ ಪೂರಾ ಬೆಳ್ಳಗಾಗಿದೆ, ಬೆನ್ನು ಈಗಲೂ ಸಾವಧಾನದಲ್ಲೇ ಇದೆ. ಪರದೆಯ ಮೇಲೆ ಒಡೆದ ಗಂಟಲಿನ ಹಳೆಯ 'ಟೀಚರ್' ಹಾಗೆಯೇ ಇದ್ದರು, ಆ ಹೆಸರನ್ನೇ ಒತ್ತಿದೆ. ಟೀಚರ್ ಹೆಡ್‌ಸೆಟ್ ಹಾಕಿ, "ಯೂನಿಟ್ ಒನ್, ಮೂವ್ ಟು ಆಲ್ಫಾ" ಎಂದರು.

"ಸೇ ಅಗೇನ್, ಕಮಾಂಡರ್."

ಇನ್ನೊಮ್ಮೆ ಹೇಳಿದರು. ಸೈನಿಕ ಒಪ್ಪಲಿಲ್ಲ. "ಇನ್ನೂ ಗುರ್ತ ಸಿಗ್ಲಿಲ್ಲ ಅವನಿಗೆ" ಎಂದರು ಟೀಚರ್, ಖುಷಿಯಿಂದ. "ಸಿಗುವುದು ಬೇಡ ಮಾರಾಯ. ಹಾಗೇ ಕಾಯ್ತಾ ಇರಲಿ."

ಫೆಲಿಕ್ಸ್ ಅಂಕಲ್‌ಗೆ ಈಗ ಕಿವಿ ಮಂದ. ಜಗಲಿಯಿಂದ, ಒಳಗೆ ಎಂತದು ನಗು ಎಂದು ಕೇಳಿದರು. ನಾನು ಕೂತಲ್ಲಿಂದಲೇ ಉಚ್ಚಿಲದ ಸ್ವರ ತೆಗೆಯಲು ಎದೆ ಉಬ್ಬಿಸಿದೆ. ಟೀಚರ್ ಕೈ ಅಡ್ಡ ಹಿಡಿದರು. ಎದ್ದು ಹೊರಗೆ ಹೋಗಿ, ಅವರ ಪಕ್ಕದ ಕುರ್ಚಿಯಲ್ಲಿ ಕೂತು, ಕಿವಿಯ ಹತ್ತಿರ ಬಾಗಿ, ನಡೆದದ್ದನ್ನು ಮೆಲ್ಲನೆ ಹೇಳಿದರು. ಅಂಕಲ್ ಮೀಸೆಯೊಳಗೇ ನಗುವುದು ಕಿಟಕಿಯಿಂದ ಕಾಣುತ್ತಿತ್ತು.

ಸಂಜೆ ಕಾರ್ಕಳಕ್ಕೆ ಬಂದು ಇಳಿದೆ. ಜಾರ್ ಸಿಗಲಿಲ್ಲ ಎಂದು ಹೆಂಡತಿಗೆ ಇನ್ನೂ ಹೇಳಿರಲಿಲ್ಲ. ಅಂಥ ಸುದ್ದಿಯನ್ನು ನಾನು ಗೇಟಿನಿಂದಲೇ ಕೂಗಿ ಹೇಳಿ ಮುಗಿಸುವವನು, ನಮ್ಮ ಬೀದಿಗೆಲ್ಲ ನಮ್ಮ ಮನೆಯ ಸುದ್ದಿ ಗೊತ್ತಿರುವುದು ಹಾಗೆಯೇ. ಅವತ್ತು ಬಾಯಿ ತೆರೆದವನು ಮುಚ್ಚಿದೆ. ಚಪ್ಪಲಿ ಬಿಟ್ಟು, ಅಡುಗೆಮನೆಯವರೆಗೂ ನಡೆದು ಹೋಗಿ, ಅವಳ ಎದುರಿಗೆ ನಿಂತು ಹೇಳಿದೆ. ಅವಳು ಸೌಟು ಕೆಳಗಿಟ್ಟು ನನ್ನ ಮುಖ ನೋಡಿದಳು.

"ಎಂತಾಯ್ತು? ಸ್ವರ ಬೇರೆಯೇ ಉಂಟಲ್ಲ?"