ಕಂಬದ ಹಿಂದಿನ ಕಾರು

ಅದನ್ನೇ ಹೇಳುತ್ತಿದ್ದೆ, ನೀನು ಮಧ್ಯೆ ಬಾಯಿ ಹಾಕಿದೆ. ಕೂತುಕೋ, ಆ ದಿಂಬು ಇತ್ತ ಸರಿಸು. ಮೆಝಿಯಾನನ ಮನೆಯ ಕೆಳಗೆ ಹಸಿರು ಕಬ್ಬಿಣದ ಬಾಗಿಲಿದೆಯಲ್ಲ, ಅದರೊಳಗೆ ಒಂದು ಕಾರಿದೆಯಂತೆ, ನಿಜವೇ ಎಂದು ತಾನೆ ನೀನು ಕೇಳಿದ್ದು? ಇದೆ. ತೀರಿಹೋದವರ ಫೋಟೋ ಗೋಡೆಯ ಮೇಲೆ ಇರುತ್ತದಲ್ಲ, ಹಾಗೆ ಇದೆ.

ಪ್ಯೂಜೋ 404, ಕೆನೆ ಬಣ್ಣದ್ದು. ಮೆಝಿಯಾನನ ಅಪ್ಪ ಫ್ರಾನ್ಸಿನ ಎರಕದ ಕಾರ್ಖಾನೆಯಲ್ಲಿ ಎದೆಯೊಳಗೆಲ್ಲ ಹೊಗೆ ತುಂಬಿಕೊಂಡು, ಊರಿಗೆ ಮರಳುವಾಗ ಹಡಗಿನಲ್ಲಿ ಹಾಕಿಸಿಕೊಂಡು ತಂದ ಕಾರು. ಮೆಝಿಯಾನನ ಹೆಂಡತಿ ವರ್ದಿಯಾಳನ್ನು ಆ ಮನೆಗೆ ಸೊಸೆಯಾಗಿ ತಂದದ್ದು ಅದರಲ್ಲೇ. ಮುಂದೆ ಆ ಕಾರು, ಹಿಂದೆ ಹಾರನ್ ಹೊಡೆಯುತ್ತ ಊರಿನ ಕಾರುಗಳೆಲ್ಲ. ಬೆಟ್ಟದ ತಿರುವುಗಳಲ್ಲಿ ಪಾಪದ ಹುಡುಗಿ ಮದುವೆಯ ಮುಸುಕಿನೊಳಗೇ ವಾಂತಿ ಮಾಡಿಕೊಂಡಳು. ಪೆಟ್ರೋಲಿನ ವಾಸನೆ ಎಂದು ಇವತ್ತಿಗೂ ಸಾಧಿಸುತ್ತಾಳೆ. ಪೆಟ್ರೋಲೂ ಅಲ್ಲ, ಏನೂ ಅಲ್ಲ. ಗಂಡನ ಮನೆಯಲ್ಲಿ ಮೊದಲ ದಿನ ಹಸಿದಿರಬಾರದೆಂದು ಅವಳ ತಾಯಿ ಬೇಯಿಸಿದ ಮೊಟ್ಟೆ, ಖರ್ಜೂರ ಎಲ್ಲ ತುರುಕಿ ಕಳಿಸಿದ್ದಳು. ಆ ತಾಯಿಯದೇ ಒಂದು ಕಥೆ ಇದೆ, ಇರಲಿ, ಇನ್ನೊಂದು ದಿನಕ್ಕೆ.

ಮೆಝಿಯಾನನ ಅಪ್ಪ ತೀರಿಹೋದ ವರ್ಷ, ಎಣ್ಣೆ ಗಾಣಕ್ಕೆ ಆಲಿವ್ ಹೇರಿಕೊಂಡು ಏರು ಹತ್ತುವಾಗ ಕಾರು ಬುಸುಬುಸು ಆವಿ ಬಿಟ್ಟು ನಿಂತಿತು. ಇಂಜಿನ್ನಿನ ತಲೆ ಸೊಟ್ಟಗಾಗಿತ್ತು. ಹೇಸರಗತ್ತೆಗೆ ಕಟ್ಟಿ ಎಳೆಸಿ ತಂದರು. ದಾರಿಯುದ್ದಕ್ಕೂ ಜನ ಹಲ್ಲು ಕಿರಿದರು. "ಏನಯ್ಯಾ ಮೆಝಿಯಾನ್, ಹೊಸ ಇಂಜಿನ್ ಹುಲ್ಲು ಎಷ್ಟು ತಿನ್ನುತ್ತೆ?" ಆ ಮಾತು ಅವನಿಗೆ ಎಲ್ಲಿ ತಾಗಿತೋ. ಅವತ್ತೇ ಹೆಂಡತಿಯ ಮುಂದೆ ಆಣೆ ಹಾಕಿದ. "ಯಿದಿರ್‌ನ ಹೆಂಡ್ತೀನ ಇದೇ ಕಾರಲ್ಲಿ ಮನೆ ತುಂಬಿಸ್ಕೋತೀನಿ, ನೋಡ್ತಿರು." ಮಗ ಯಿದಿರ್ ಆಗಿನ್ನೂ ತೊಟ್ಟಿಲಲ್ಲಿದ್ದ.

ಮೆಝಿಯಾನ್ ಮೆಕ್ಯಾನಿಕ್ ಅಲ್ಲ. ಅಂಚೆ ಕಚೇರಿಯಲ್ಲಿ ಠಸ್ಸೆ ಒತ್ತುತ್ತಿದ್ದವನು. ಕೆಡಿಸಿ ಕೆಡಿಸಿ ಕಲಿತ. ಒಮ್ಮೆ ಪಿಸ್ಟನ್ನಿನ ಉಂಗುರಗಳನ್ನು ತಲೆಕೆಳಗಾಗಿ ಕೂರಿಸಿ ಚಾಲೂ ಮಾಡಿದ್ದಕ್ಕೆ ನೀಲಿ ಹೊಗೆ ಎದ್ದು, ಮೇಲೆ ಒಣಹಾಕಿದ್ದ ಬಟ್ಟೆಯೆಲ್ಲ ಹಾಳಾಯಿತು. ಪ್ರತಿ ಶುಕ್ರವಾರ ನಮಾಜು ಮುಗಿಸಿ, ಕುಸ್ಕುಸ್ ಉಂಡು, ಕೆಳಗಿಳಿದರೆ ಕತ್ತಲಾಗುವವರೆಗೂ ಅವನ ಎರಡು ಪಾದ ಮಾತ್ರ ಕಾಣಿಸುತ್ತಿದ್ದವು. ಬಿಡಿಭಾಗ ಹುಡುಕಿಕೊಂಡು ತಿಜೆಲಾಬಿನ್ ಸಂತೆಗೆ ಹೋಗಿ ಬರುವನು. ತಂದದ್ದು ಕೂರುತ್ತಿರಲಿಲ್ಲ, ಕೂತದ್ದು ತಿರುಗುತ್ತಿರಲಿಲ್ಲ. ಒಂದು ಕಡೆ ತುಕ್ಕು ಕೆರೆದು ತಗಡು ಬೆಸೆಯುವಷ್ಟರಲ್ಲಿ ಇನ್ನೊಂದು ಕಡೆ ತೂತು. ವರ್ದಿಯಾ ಮೆಟ್ಟಿಲ ಮೇಲಿಂದ ಕೂಗುವಳು, "ನನ್ನ ಸವತಿ ಎದ್ದಳೋ, ಇನ್ನೂ ಮಲಗೇ ಇದ್ದಾಳೋ?" "ಸ್ನಾನ ಮಾಡ್ತಿದ್ದಾಳೆ, ನಿನ್ ಹಾಗೆ ಗೊಣಗಲ್ಲ," ಎಂದು ಇವನು ಕೆಳಗಿನಿಂದ. ಇಬ್ಬರೂ ನಗುತ್ತಿದ್ದರು. ಆಗ ನಗುತ್ತಿದ್ದರು.

ಯಿದಿರ್ ಬೆಳೆದ, ಗಡ್ಡ ಬಂತು, ಸಿಲಿಯಾಳ ಜೊತೆ ಮದುವೆ ಗೊತ್ತಾಯಿತು. ಮಗನಿಗೆ ಮದುವೆ ಎಂದಮೇಲೆ ಮನೆಯ ಮೇಲೊಂದು ಮಹಡಿ ಏಳಲೇಬೇಕು. ಮಹಡಿ ಇಲ್ಲದ ಹುಡುಗನಿಗೆ ಯಾರು ಹೆಣ್ಣು ಕೊಡುತ್ತಾರೆ? ಮೇಸ್ತ್ರಿ ಅರೆಝ್ಕಿ ಬಂದ. ಮೇಲೆ ನೋಡಿದ, ಕೆಳಗೆ ನೋಡಿದ, ಗ್ಯಾರೇಜಿನ ಬಾಗಿಲ ಒಳಗೆ, ಕಾರಿನ ಮೂತಿಯ ಎದುರಿಗೆ ನಿಂತು ನೆಲಕ್ಕೆ ಹಿಮ್ಮಡಿ ಕುಟ್ಟಿದ.

"ಅಣ್ಣಾ, ಇನ್ನೊಂದು ಮಹಡಿ ಹೊರಬೇಕಂದ್ರೆ ಇಲ್ಲೊಂದು ಕಂಬ ಬೇಕೇ ಬೇಕು. ನಾಲ್ಕು ಜನ ಕರಿ, ಗಾಡೀನ ಬೀದಿಗೆ ತಳ್ಳಿಬಿಡೋಣ."

"ತಳ್ಳೋದಾ? ನಮ್ಮಪ್ಪನ ಕಾರನ್ನಾ?"

"ಮತ್ತೆ ಹೆಗಲ ಮೇಲೆ ಹೊರೋಣ್ವಾ?"

"ಒಂದ್ಸಲ ಹೇಸರಗತ್ತೆ ಹಿಂದೆ ಬಂದಿದ್ದು ಸಾಕು. ಹೋದ್ರೆ ತನ್ನ ಕಾಲ ಮೇಲೆ ತಾನೇ ಹೋಗುತ್ತೆ."

"ಆಯ್ತಪ್ಪಾ, ಅಷ್ಟರಲ್ಲಿ ನನ್ನ ಮೊಮ್ಮಕ್ಕಳಿಗೂ ಗಡ್ಡ ಬಂದಿರುತ್ತೆ," ಎಂದು ಅರೆಝ್ಕಿ ನಕ್ಕ. "ಗೋಡೆಗೂ ಕಂಬಕ್ಕೂ ನಡುವೆ ಗಾಡಿ ಹೋಗೋವಷ್ಟು ಜಾಗ ಬಿಡ್ತೀನಿ. ಅಳತೆ ಮಾತ್ರ ನೀನೇ ಕೊಡು, ನಾಳೆ ನನ್ನ ಬೈಬೇಡ."

ಮೆಝಿಯಾನ್ ಒಂದು ಕೋಲನ್ನು ಕಾರಿನ ಅಗಲಕ್ಕೆ ಕತ್ತರಿಸಿ, ಅದಕ್ಕಿಂತ ನಾಲ್ಕು ಬೆರಳು ಜಾಸ್ತಿ ಬಿಡಿಸಿದ. ಕಂಬ ಎದ್ದಿತು. ಆಮೇಲೆ ನೋಡು, ಮನುಷ್ಯನಿಗೆ ದೆವ್ವ ಹೊಕ್ಕಂತಾಯಿತು. ನಿವೃತ್ತನಾಗಿದ್ದ, ಇನ್ನು ಶುಕ್ರವಾರವೇನು ಶನಿವಾರವೇನು. ಕ್ಲಚ್ಚು ಕೂತಿತು, ಬ್ರೇಕು ಹಿಡಿಯಿತು. ಕಾರ್ಬ್ಯುರೇಟರನ್ನು ಅಡುಗೆಮನೆಯ ಮೇಜಿನ ಮೇಲೆ ಬಿಚ್ಚಿ, ಹೆಂಡತಿಯ ಹಿಟ್ಟಿನ ಜರಡಿಯಲ್ಲಿ ಪೆಟ್ರೋಲ್ ಸೋಸಿದ. ಆ ಜರಡಿಯ ಜಗಳ ನಮ್ಮ ಮನೆಯ ತನಕ ಕೇಳಿಸಿತ್ತು.

ಇತ್ತ ಮದುವೆ ಹತ್ತಿರ ಬಂತು. ಗಂಡಸರಿಗೆ ಊಟ ಗ್ಯಾರೇಜಿನಲ್ಲೇ ತಾನೆ. "ಊರಿನವರೆಲ್ಲ ಈ ಎಣ್ಣೆ ಜಿಡ್ಡು ನೋಡ್ಕೊಂಡು ಉಣ್ಣಬೇಕಾ?" ಎಂದಳು ವರ್ದಿಯಾ. ಯಿದಿರ್ ನೀಲಿ ಹೂವಿನ ಟೈಲ್ಸ್ ಆರಿಸಿ ತಂದ. ಗೋಡೆಗೆ ಭುಜದೆತ್ತರ, ಕಂಬಕ್ಕೆ ಸುತ್ತಲೂ. ಗೋಡೆ ಸೊಟ್ಟಗಿತ್ತೆಂದು ಕೆಳಗೆ ದಪ್ಪ ಗಾರೆ ಮೆತ್ತಿಸಿದರು. ಟೈಲ್ಸಿನ ಪೆಟ್ಟಿಗೆಗಳನ್ನು ಲಾರಿಯಿಂದ ಇಳಿಸಿ ಒಳಗೆ ಹೊತ್ತವನು ಮೆಝಿಯಾನನೇ. ಚೆನ್ನಾಗಿದೆ ಎಂದೂ ಹೇಳಿದ. ಹೇಳಿ ಮತ್ತೆ ಕಾರಿನ ಕೆಳಗೆ ಹೋದ.

ದಿಬ್ಬಣದ ಹಿಂದಿನ ದಿನ ಕಾರು ಚಾಲೂ ಆಯಿತು. ಹೇಗೆ ಹೇಳಲಿ, ಹೊಲಿಗೆ ಯಂತ್ರದ ಹಾಗೆ, ಒಂದೇ ಸಮ. ಮೇಲೆ ಮದುವೆಯೂಟಕ್ಕೆ ರವೆ ಉಜ್ಜಿ ಕುಸ್ಕುಸ್ ಮಾಡುತ್ತಿದ್ದ ಹೆಂಗಸರು ಹಿಟ್ಟಿನ ಕೈಯಲ್ಲೇ ಮೆಟ್ಟಿಲಿಗೆ ಬಂದು ನಾಲಿಗೆ ಹೊರಳಿಸಿ ಕೇಕೆ ಹಾಕಿದರು. ಮೆಝಿಯಾನ್ ತಲೆ ಬಾಚಿಕೊಂಡು, ಅಪ್ಪನ ಟೋಪಿ ಇಟ್ಟುಕೊಂಡು ಕೂತ. ಗೇರು ಹಾಕಿದ. ಕಾರು ಒಂದು ಮಾರು ಮುಂದೆ ಬಂದು, ಕರ್ರ್ ಎಂದು ನಿಂತಿತು. ಎಡಗಡೆ ಗೋಡೆ, ಬಲಗಡೆ ಕಂಬ. ಹಿಂದೆ ಸರಿಸಿದ, ಮತ್ತೆ ಬಂದ. ಮತ್ತೆ ಕರ್ರ್.

ಇಳಿದು ಆ ಕೋಲನ್ನು ತಂದು ಅಡ್ಡ ಹಿಡಿದ. ಕೋಲು ಆ ಸಂದಿಯಲ್ಲಿ ಹಿಡಿಸಲಿಲ್ಲ; ಬಿಟ್ಟಿದ್ದ ನಾಲ್ಕು ಬೆರಳನ್ನು ಗಾರೆ, ಟೈಲ್ಸು ನುಂಗಿದ್ದವು. ಅವನು ಕೂಗಾಡಲಿಲ್ಲ. ಸೀದಾ ಹೋಗಿ ಸುತ್ತಿಗೆ ಎತ್ತಿಕೊಂಡ.

"ಅಪ್ಪಾ, ಬೇಡ ಬಿಡು," ಯಿದಿರ್ ಓಡಿಬಂದ.

"ಬಿಡೋದೇನು? ಕಂಬದ ಈ ಮಗ್ಗುಲು ಕಿತ್ರೆ ಆಯ್ತು. ಸಂಜೆ ಅರೆಝ್ಕಿ ಮೆತ್ತಿಕೊಡ್ತಾನೆ."

"ಅದಲ್ಲಪ್ಪಾ. ಬೇರೆ ಕಾರಿಗೆ ಹೇಳಿದೀನಿ. ಬಿಳೀದು. ಹೂವಿನ ಅಲಂಕಾರಕ್ಕೂ ಹೇಳಾಗಿದೆ."

"ಯಾವಾಗ ಹೇಳಿದ್ದು?"

ಹುಡುಗ ಕಂಬದ ಟೈಲ್ಸಿಗೆ ಅಂಟಿದ್ದ ಗಾರೆಯನ್ನು ಉಗುರಿನಲ್ಲಿ ಕೆರೆದ.

"ಯಾವಾಗ ಅಂತ ಕೇಳಿದ್ನಲ್ಲ?"

"ಕಂಬ ಏಳೋದಕ್ಕೂ ಮುಂಚೆ."

ಇಂಜಿನ್ ಇನ್ನೂ ಓಡುತ್ತಲೇ ಇತ್ತು. ಮೆಝಿಯಾನ್ ಮೆಟ್ಟಿಲ ಮೇಲಿದ್ದ ಹೆಂಡತಿಯ ಮುಖ ನೋಡಿದ. "ನಿನಗೂ ಗೊತ್ತಿತ್ತಾ?"

ವರ್ದಿಯಾ ಕೆಟ್ಟವಳಲ್ಲ, ನಿನಗೂ ಗೊತ್ತು. ಆದರೆ ಮದುವೆಮನೆಯ ದಣಿವು, ಇಷ್ಟು ವರ್ಷದ ಎಣ್ಣೆ ಬಟ್ಟೆ, ಎಲ್ಲ ಒಟ್ಟಿಗೆ ಬಾಯಿಗೆ ಬಂತು. "ಊರಿಗೇ ಗೊತ್ತಿತ್ತು. ನೀವು ಆ ಕಾರಿನ ಕೆಳಗಿಂದ ಎದ್ದು ಬಂದಿದ್ರೆ ನಿಮಗೂ ಗೊತ್ತಾಗ್ತಿತ್ತು."

ಮೆಟ್ಟಿಲಲ್ಲಿದ್ದ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಒಳಗೆ ಸರಿದರು. ಅವನಿಗೆ ಆಗ ಹೊಳೆದದ್ದು ಟೈಲ್ಸಿನ ದಪ್ಪವಲ್ಲ. ಅಷ್ಟು ಜನ ಆ ಗ್ಯಾರೇಜಿನಲ್ಲಿ ಓಡಾಡಿದರು, ಗಾರೆ ಮೆತ್ತಿದರು, ಬೆಂಚು ಎಲ್ಲಿ ಹಾಕುವುದೆಂದು ಗುರುತು ಮಾಡಿದರು. ಕಾರು ಹೊರಗೆ ಹೋಗಬೇಕಲ್ಲ ಎಂಬ ಯೋಚನೆ ಒಬ್ಬರ ತಲೆಗೂ ಬರಲಿಲ್ಲ. ಹೋಗುತ್ತದೆಂದು ನಂಬಿದವರು ಯಾರೂ ಇರಲಿಲ್ಲ. ಸುತ್ತಿಗೆ ಕೆಳಗಿಟ್ಟ. ಕಾರನ್ನು ಹಿಂದಕ್ಕೆ ಒಯ್ದು ಇಂಜಿನ್ ಆರಿಸಿದ.

ಮದುವೆಯ ದಿನ ಕಾರಿನ ಮೇಲೆ ಹೂವಿನ ಹಾಸಿಗೆವಸ್ತ್ರ ಹೊದಿಸಿ, ಬಾನೆಟ್ಟಿನ ಮೇಲೆ ರೊಟ್ಟಿಯ ಬುಟ್ಟಿ, ಕಲ್ಲಂಗಡಿ ಹೋಳು ಜೋಡಿಸಿದರು. ಸಿಲಿಯಾ ಬಿಳಿ ಕಾರಿನಲ್ಲಿ ಬಂದಿಳಿದಳು. ಮೆಝಿಯಾನ್ ಎಲ್ಲರನ್ನೂ ಅಪ್ಪಿಕೊಂಡ, ಎಲ್ಲರಿಗೂ ಮಾಂಸ ಬಡಿಸಿದ. ಅರೆಝ್ಕಿ ಬಾನೆಟ್ಟಿಗೆ ಮೊಣಕೈ ಊರಿ, "ಅಣ್ಣಾ, ಮೇಜು ಬಲು ಗಟ್ಟಿಯಾಗಿದೆ ಕಣೋ," ಎಂದಾಗ ಸುತ್ತಲಿನವರು ಬಿದ್ದು ಬಿದ್ದು ನಕ್ಕರು. ಮೆಝಿಯಾನನೂ ನಕ್ಕ. ಆ ನಗು ನಾನು ನೋಡಬಾರದಿತ್ತು.

ಆಲಿವ್ ಕೀಳುವ ಹೊತ್ತಿಗೆ ಯಿದಿರ್‌ಗೆ ಮನಸ್ಸು ತಡೆಯಲಿಲ್ಲ. "ಅಪ್ಪಾ, ಈಗ ಟೈಲ್ಸ್ ಕೀಳಿಸೋಣ. ಹೊರಗೆ ತೆಗಿ."

"ಯಾರನ್ನ ಕರ್ಕೊಂಡು ಬರೋಕೆ?"

ಅಷ್ಟೇ ಮಾತು. ಚಳಿಗಾಲದಲ್ಲಿ ಬುಯಿರಾದಿಂದ ಆಲೂಗಡ್ಡೆಯವನೊಬ್ಬ ಬಂದು, ತನ್ನ ಗಾಡಿಗೆ ಬೇಕೆಂದು ಇಂಜಿನ್ ಕೇಳಿದ. ಮೆಝಿಯಾನ್ ಚೌಕಾಸಿಯನ್ನೂ ಮಾಡದೆ ತಾನೇ ಬಿಚ್ಚಿಕೊಟ್ಟ. ಇಬ್ಬರು ಅದನ್ನು ಸರಪಳಿಯಲ್ಲಿ ತೂಗುಹಾಕಿಕೊಂಡು ಗೋಡೆಗೂ ಕಂಬಕ್ಕೂ ನಡುವೆ ಸಲೀಸಾಗಿ ದಾಟಿಸಿದರು, ಎಲ್ಲೂ ತಾಗಲಿಲ್ಲ. ಈಗ ಕಾರಿನ ಹಿಂದಿನ ಸೀಟಿನಲ್ಲಿ ಸೊಸೆ ಈರುಳ್ಳಿ ಚೀಲ ಇಡುತ್ತಾಳೆ. ಗಾಳಿಯಾಡುತ್ತದೆ, ಮೊಳಕೆ ಬರುವುದಿಲ್ಲವಂತೆ. ಶುಕ್ರವಾರ ಊಟವಾದ ಮೇಲೆ ಅವನು ಕೆಳಗಿಳಿಯುವುದಿಲ್ಲ, ಮೇಲಿನ ಬಿಸಿಲು ಮಾಳಿಗೆಗೆ ಹೋಗಿ ಕೂರುತ್ತಾನೆ. ವರ್ದಿಯಾ ಮೆಟ್ಟಿಲಲ್ಲಿ ನಿಂತು ಕೂಗುವುದನ್ನು ಬಿಟ್ಟಿದ್ದಾಳೆ. ಕೂಗಿದರೆ ಏನೆಂದು ಕೂಗುವುದು?

ಇವತ್ತೂ ಶುಕ್ರವಾರವೇ, ಅಲ್ಲಿ ಒಬ್ಬನೇ ಕೂತಿರುತ್ತಾನೆ. ಏಳು, ಹೊತ್ತು ಮುಳುಗುವ ಮೊದಲು ಒಂದು ಕೆಲಸ ಮಾಡು. ಆ ಬೋಗುಣಿಯಲ್ಲಿ ಒಣ ಅಂಜೂರ ಹಾಕಿಟ್ಟಿದ್ದೇನೆ, ಅವನಿಗೆ ಕೊಟ್ಟು ಬಾ. ಹಸಿರು ಬಾಗಿಲಿನಿಂದ ಹೋಗಬೇಡ, ಪಕ್ಕದ ಮೆಟ್ಟಿಲು ಹತ್ತು. ಸೊಸೆಯ ಕೈಗೆ ಕೊಡಬೇಡ, ಅವನ ಕೈಗೇ ಕೊಡು, ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತಿರು. ಕಾರಿನ ಸುದ್ದಿ ಎತ್ತೀಯ, ಜೋಕೆ. ಬರುವಾಗ ಬೋಗುಣಿ ಮರೆಯದೆ ತಾ.