ಆಯಿಯ ಉಂಗುರ ಬೆರಳು ಮತ್ತು ಸೊಲ್ಲಾಪುರ ರಸ್ತೆಯ ಸ್ಲೈಸರ್

ಮಾರ್ಚ್ 2, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ವಿಜಯಪುರದ ಸೊಲ್ಲಾಪುರ ರಸ್ತೆಯ ಒಂದು ಪಾತ್ರೆ ಅಂಗಡಿಯಲ್ಲಿ ನಾನು ಮೂರು ಸ್ಲೈಸರ್‌ಗಳನ್ನು ಎದುರಿಗಿಟ್ಟುಕೊಂಡು ನಿಂತಿದ್ದೆ. ಮುಂದಿನದೆಲ್ಲ ಶುರುವಾದದ್ದು ಅಲ್ಲಿಂದ.

ಕೊಳ್ಳಲು ಹೋದ ಕಾರಣವನ್ನೂ ನನ್ನ ದಿನಚರಿಯ ವಹಿಯಲ್ಲಿ ಬರೆದಿಟ್ಟಿದ್ದೇನೆ. ಫೆಬ್ರವರಿ ಪೂರ್ತಿ ಮನೆಯ ಊಟಕ್ಕೆ ಸವತೆಕಾಯಿ, ಮೂಲಂಗಿ, ಉಳ್ಳಾಗಡ್ಡಿ ಹೆಚ್ಚುವ ಕೆಲಸ ನನ್ನ ಪಾಲಿಗೆ ಬಂದಿತ್ತು. ರೊಟ್ಟಿಯ ಪಕ್ಕದಲ್ಲಿ ಹಸಿ ತರಕಾರಿ ಇಲ್ಲದಿದ್ದರೆ ಅಪ್ಪ ಊಟ ಇನ್ನೂ ಬಡಿಸಿಲ್ಲ ಎಂದೇ ತಿಳಿದು ಕಾಯುತ್ತಾ ಕೂರುತ್ತಾನೆ. ನಾನು ಹೆಚ್ಚಿದ ಒಂದು ಬಿಲ್ಲೆಯ ಮೂಲಕ ಆಚೆ ಬದಿಯ ಬೆಳಕು ಕಂಡರೆ ಮತ್ತೊಂದು ಬಿಲ್ಲೆ ಇಟ್ಟಿಗೆಯಂತೆ ಇರುತ್ತಿತ್ತು. ಫೆಬ್ರವರಿ 26ರಂದು ತಮ್ಮ ಅಂಥದೊಂದು ಬಿಲ್ಲೆಯನ್ನು ಅಲುಗಾಡುವ ಮೇಜಿನ ಕಾಲಿನಡಿ ಇಟ್ಟು ತೋರಿಸಿದ. ಮೇಜು ಅಲುಗಾಡುವುದು ನಿಂತಿತು. ನಾನು ಸ್ಲೈಸರ್ ಕೊಳ್ಳಲು ತೀರ್ಮಾನಿಸಿದೆ.

ಅಂಗಡಿಯ ಮೊದಲ ಸ್ಲೈಸರ್ ಪೂರ್ತಿ ಪ್ಲಾಸ್ಟಿಕ್ಕಿನದು. ಎರಡು ಬೆರಳಿನಿಂದ ಒತ್ತಿದರೆ ನಡು ಬಳುಕಿತು. ಎರಡನೆಯದು ಹನ್ನೊಂದು ಅಲಗುಗಳ ಪೆಟ್ಟಿಗೆ. ಮೂರನೆಯದು ಸ್ಟೀಲಿನದು. ಅಲಗು ಓರೆಯಾಗಿ ಕೂತಿತ್ತು, ದಪ್ಪ ಬದಲಿಸಲು ಪಕ್ಕದಲ್ಲಿ ಮೂರು ಹಂತದ ತಿರುಪು, ಜಾರದಂತೆ ಕೆಳಗೆ ರಬ್ಬರಿನ ಕಾಲು. ಡಬ್ಬಿಯ ಮೇಲೆ ಮ್ಯಾಂಡೊಲಿನ್ ಸ್ಲೈಸರ್ ಎಂದು ಬರೆದಿತ್ತು.

"ಹನ್ನೊಂದು ಬ್ಲೇಡಿಂದು ಒಯ್ರಿ ಅಕ್ಕಾರ," ಎಂದರು ಅಂಗಡಿಯವರು. "ಹೂವು, ಚಕ್ಕುಲಿ, ನಕ್ಷತ್ರ, ನಿಮಗ ಯಾವ ಆಕಾರ ಬೇಕೋ ಆ ಆಕಾರ."

"ನಮ್ಮ ಮನ್ಯಾಗ ಸವತಿಕಾಯಿ ಸವತಿಕಾಯಿ ಆಕಾರದಾಗ ಇದ್ರ ಸಾಕ್ರಿ."

"ಹಂಗಾದ್ರ ಸ್ಟೀಲಿಂದ ಒಯ್ರಿ. ಆದ್ರ ಈ ಟೊಪ್ಪಿಗಿ ಇಲ್ದ ಮುಟ್ಟಬ್ಯಾಡ್ರಿ." ಅವರು ತೋರಿಸಿದ್ದು ಅಡಿಯಲ್ಲಿ ಮುಳ್ಳುಗಳಿರುವ ಪ್ಲಾಸ್ಟಿಕ್ ಹಿಡಿಕೆ. ಅದನ್ನು ತರಕಾರಿಯ ನೆತ್ತಿಗೆ ಚುಚ್ಚಿ, ಕೈಯನ್ನು ಅದರ ಮೇಲಿಟ್ಟು ತಳ್ಳಬೇಕು. "ಸವತಿಕಾಯಿ ಯಾವುದು, ಬಟ್ಟು ಯಾವುದು ಅಂತ ಇದು ಕೇಳಂಗಿಲ್ರಿ. ಎದುರಿಗೆ ಬಂದದ್ದನ್ನ ಹೆರಿತೈತಿ."

ಮೊದಲ ದಿನವೇ ಮೂರು ಸವತೆಕಾಯಿಗಳಿಂದ ನೂರಾ ಹನ್ನೆರಡು ಬಿಲ್ಲೆಗಳು ಬಂದವು, ಎಲ್ಲ ಒಂದೇ ದಪ್ಪ. ಒಂದನೇ ಹಂತ ಸವತೆಕಾಯಿ, ಮೂಲಂಗಿಗೆ; ಎರಡನೆಯದು ಆಲೂಗಡ್ಡೆಗೆ; ಮೂರನೆಯದು ಬದನೆಕಾಯಿಗೆ. ಉಳ್ಳಾಗಡ್ಡಿಯ ಬೇರಿನ ಕಡೆಗೆ ಟೊಪ್ಪಿಗೆ ಚುಚ್ಚಿದರೆ ಎಸಳು ಚದುರುವುದಿಲ್ಲ. ಹಣ್ಣಾದ ಟೊಮೆಟೊವನ್ನು ಹಾಕಲೇಬಾರದು. ಮಾರ್ಚ್ 4ರಂದು ಹಾಕಿದೆ, ಗೋಡೆ ಒರೆಸಲು ಹದಿನೈದು ನಿಮಿಷ ಹಿಡಿಯಿತು.

ಸ್ಲೈಸರ್ ಬಂದದ್ದರಿಂದ ಕೆಲಸ ಸುಲಭವಾಯಿತು, ಸುಲಭದ ಕೆಲಸವನ್ನು ಎಲ್ಲರೂ ಹಂಚಿಕೊಳ್ಳಬಹುದು ಎಂದು ನಾನು ವಾರದ ಪಾಳಿ ಬರೆದು ಗೋಡೆಗೆ ಅಂಟಿಸಿದೆ. ಮನೆಯವರೆಲ್ಲ ಅದರ ಮುಂದೆ ಸೇರಿದರು.

"ನನ್ನ ತೋರಬಟ್ಟು ಆಫೀಸಿಂದು," ಎಂದ ಅಪ್ಪ. "ಮುಂಜಾನೆ ಮಷೀನಿಗೆ ಅದನ್ನ ಇಟ್ರನ ಹಾಜರಿ. ಅದಕ್ಕ ಗೀರು ಬಿದ್ರ ನಾ ಆಫೀಸಿಗೆ ಹೋಗಿದ್ರೂ ಹೋಗಿಲ್ಲ."

"ನನ್ನ ಹೆಬ್ಬಟ್ಟು ಮೊಬೈಲಿಂದು," ಎಂದಳು ಅವ್ವ. "ಅದರ ನಂಬರ್ ನನಗ ನೆನಪಿಲ್ಲ. ಹೆಬ್ಬಟ್ಟು ಕೆಟ್ರ ನನ್ನ ತಂಗಿ ಕೂಡ ಮಾತ ಬಂದ್."

"ಕಾಲೇಜಿನಾಗೂ ಮಷೀನ್ ಐತಿ," ಎಂದ ತಮ್ಮ.

"ನೀ ಕಾಲೇಜಿಗೆ ಹೋಗೂದ ಯಾವಾಗಲೇ?"

"ಹೋದ್ರ ಬೇಕಾಗತೈತಿ ಅಲ್ಲಬೇ ಅವ್ವಾ."

ನಾನು ಕೆಲಸ ಮಾಡುವುದು ಬಬಲೇಶ್ವರದ ಒಂದು ಗೊಬ್ಬರದ ಅಂಗಡಿಯಲ್ಲಿ, ಕಂಪ್ಯೂಟರಿನ ಮುಂದೆ. ಅಲ್ಲಿ ಹಾಜರಿಗೆ ಮಾಲೀಕರು ನನ್ನ ಮುಖ ನೋಡುತ್ತಾರೆ. ಹೀಗಾಗಿ ಮನೆಯಲ್ಲಿ ಯಾವ ಯಂತ್ರಕ್ಕೂ ಬೇಡವಾದ ಹತ್ತು ಬೆರಳು ನನ್ನವೇ ಎಂದು ತೀರ್ಮಾನವಾಗಿ, ಪಾಳಿಯ ಏಳೂ ದಿನಕ್ಕೆ ನನ್ನ ಹೆಸರೇ ಬಂತು.

ಆಯಿಯನ್ನು, ಅಂದರೆ ಅಪ್ಪನ ತಾಯಿಯನ್ನು, ಪಾಳಿಗೆ ಸೇರಿಸುವ ಪ್ರಶ್ನೆಯೇ ಇರಲಿಲ್ಲ. ಆಯಿಯ ಪಡಿತರ ಚೀಟಿ ಅವಳೊಬ್ಬಳದೇ ಮತ್ತು ಅದು ಘೋಣಸಗಿಯದು. ಅವಳು ನಮ್ಮ ಜೊತೆ ವಿಜಯಪುರಕ್ಕೆ ಬಂದು ಎಂಟು ವರ್ಷವಾದರೂ ತಿಂಗಳಿಗೊಮ್ಮೆ ಬಸ್ಸಿನಲ್ಲಿ ಟಿಕೋಟಾ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಘೋಣಸಗಿಗೆ ಹೋಗಿ ಅಕ್ಕಿ ತರುತ್ತಾಳೆ. ಅಕ್ಕಿ ನೆಪ. ಸರದಿಯಲ್ಲಿ ನಿಲ್ಲುವ ಹಳೆಯ ಗೆಳತಿಯರ ನಡುವೆ ಎರಡು ತಾಸು ಕೂತು, ಯಾರ ಸೊಸೆ ಏನೆಂದಳು ಎಂಬುದನ್ನೆಲ್ಲ ತುಂಬಿಕೊಂಡು ಬಂದರೆ ಅವಳಿಗೆ ತಿಂಗಳಿಡೀ ಸಾಕಾಗುತ್ತದೆ.

ತೊಂದರೆ ಏನೆಂದರೆ ಅಲ್ಲಿಯೂ ಬೆರಳಚ್ಚಿನ ಯಂತ್ರ. ಐವತ್ತು ವರ್ಷ ರೊಟ್ಟಿ ಬಡಿದು, ಕಳೆ ಕಿತ್ತು, ಆಯಿಯ ಒಂಬತ್ತು ಬೆರಳುಗಳ ಗೆರೆಗಳು ಸವೆದುಹೋಗಿವೆ. ಯಂತ್ರ ಗುರುತಿಸುವುದು ಬಲಗೈ ಉಂಗುರ ಬೆರಳನ್ನು ಮಾತ್ರ. ಜನವರಿಯಲ್ಲಿ ಅದನ್ನೂ ಗುರುತಿಸದೆ ಆಯಿ ಖಾಲಿ ಚೀಲ ಹಿಡಿದು ಮರಳಿದ್ದಳು. ಆಗ ಅಪ್ಪ ಹೇಳಿದ್ದ:

"ಯವ್ವಾ, ಈಗ ಯಾವ ಊರಿನ ಕಾರ್ಡಿದ್ರೂ ಇಲ್ಲೇ ನಮ್ಮ ಓಣಿ ಅಂಗಡ್ಯಾಗ ಕೊಡ್ತಾರ. ಇನ್ನೊಂದ ಸಲ ಬಟ್ಟು ಹತ್ತಲಿಲ್ಲ ಅಂದ್ರ ಊರಿಗೆ ಹೋಗೂದ ಬಂದ್. ಎರಡೆರಡು ಬಸ್ ಹತ್ತಿ ಖಾಲಿ ಚೀಲ ತರೂದ ಯಾಕ?"

ಫೆಬ್ರವರಿಯಲ್ಲಿ ಯಂತ್ರ ಒಪ್ಪಿತಾದರೂ, ಅಂದಿನಿಂದ ಆಯಿ ಆ ಬೆರಳಿಗೆ ಬಿಸಿ ತಗುಲಿಸುತ್ತಿರಲಿಲ್ಲ. ಆದರೆ ಮನೆಯಲ್ಲಿ ಸ್ಲೈಸರನ್ನು ಅತಿಯಾಗಿ ಮೆಚ್ಚಿದವಳೂ ಅವಳೇ. ನಾನು ಹೆರೆಯುವಾಗ ಪಕ್ಕದಲ್ಲಿ ಕೂತು ಒಂದೊಂದು ಬಿಲ್ಲೆ ಬೀಳುವಾಗಲೂ "ಅಬಬಬ" ಎನ್ನುತ್ತಿದ್ದಳು. ಅವಳ ತಕರಾರು ಟೊಪ್ಪಿಗೆಯ ಮೇಲೆ. ಟೊಪ್ಪಿಗೆ ಚುಚ್ಚಿದಷ್ಟು ಭಾಗ ಹೆರೆಯದೆ ಉಳಿಯುತ್ತದೆ, ಹೆಬ್ಬೆರಳಿನಷ್ಟು ದಪ್ಪದ ಒಂದು ಮೋಟು.

"ಇಷ್ಟು ಹೆರದಿ, ಇದನ್ನ ಯಾಕ ಬಿಟ್ಟಿ? ಇದೇನು ಪಾಪ ಮಾಡೇತಿ?"

"ಆಯಿ, ಅದನ್ನ ಹೆರಿಯಾಕ ಹೋದ್ರ ಬಟ್ಟು ಹೋಗತೈತಿ."

"ನಿಮ್ಮ ಬಟ್ಟು ಬೆಣ್ಣಿಲೆ ಮಾಡ್ಯಾರ ಹೌದಿಲ್ಲ?"

ಮಾರ್ಚ್ 2ರಿಂದ 14ರವರೆಗೆ ಉಳಿದ ಮೋಟುಗಳು ಒಟ್ಟು ಅರವತ್ತೇಳು. ನಲವತ್ತನ್ನು ಆಯಿ ಉಪ್ಪು ಹಚ್ಚಿ ತಿಂದಳು. ಉಳಿದವು ಅವ್ವನ ಪಲ್ಯಕ್ಕೆ ಬಿದ್ದವು. ಆ ಪಲ್ಯ ಮೂರನೇ ಸಲ ಬಂದಾಗ ತಮ್ಮ ಹೊರಗೆ ಊಟ ಇದೆಯೆಂದು ಎದ್ದುಹೋದ.

ಮಾರ್ಚ್ 15, ಶನಿವಾರ. ಬಬಲೇಶ್ವರದಿಂದ ಮಧ್ಯಾಹ್ನ ಮೂರು ಗಂಟೆಗೆ ಮನೆಗೆ ಬಂದೆ. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ, ಸ್ಲೈಸರ್ ಇರಲಿಲ್ಲ, ಟೊಪ್ಪಿಗೆ ಮಾತ್ರ ಇತ್ತು. ಮಾಳಿಗೆ ಹತ್ತಿದೆ. ಹಳೆಯ ಸೀರೆಯ ಮೇಲೆ ಸಾಲುಸಾಲಾಗಿ ಆಲೂಗಡ್ಡೆಯ ಬಿಲ್ಲೆಗಳು ಒಣಗುತ್ತಿದ್ದವು. ಒಂದು ಸಾಲಿನಲ್ಲಿ ಮೂವತ್ತೊಂದು, ಹದಿನೆಂಟು ಸಾಲು. ಹೆರೆದ ಬಿಲ್ಲೆ ತೊಳೆದ ಬಿಳಿ ನೀರಿನ ಬಕೆಟ್ಟಿನಲ್ಲಿ ಆಯಿ ಎಡಗೈ ಅದ್ದಿ ಕೂತಿದ್ದಳು. ಬಲಗೈಯ ಒಂದು ಬೆರಳಿಗೆ ಅರಿಶಿನ ಮೆತ್ತಿದ ಬಟ್ಟೆ ಸುತ್ತಿತ್ತು. ನಾನು ಹೆಬ್ಬೆರಳಿನಿಂದ ಶುರುಮಾಡಿ ಎಣಿಸಿದೆ. ನಾಲ್ಕನೆಯದು.

"ಆಯಿ! ಅದ ಬಟ್ಟು?"

"ಒದರಬ್ಯಾಡಬೇ, ಕೆಳಗ ನಿಮ್ಮಪ್ಪ ಮಲಗ್ಯಾನ." ಆಯಿ ದನಿ ಇಳಿಸಿದಳು. "ಕಡೀ ಬಟಾಟಿ. ಒಂದ ಒಂದು ಮೋಟು ಉಳಿದಿತ್ತು. ಬಿಡಾಕ ಮನಸ ಬರಲಿಲ್ಲ."

"ಇಪ್ಪತ್ತೆರಡಕ್ಕ ಘೋಣಸಗಿಗೆ ಹೋಗಬೇಕಲ್ಲ, ಏನ್ ಮಾಡ್ತಿ?"

"ಅದಕ್ಕ ನೀ ಸಾಲಿ ಕಲ್ತೀದಿ. ಏನರ ಮಾಡು."

ಗಾಯ ದೊಡ್ಡದಲ್ಲ, ಚರ್ಮದ ತೆಳುವಾದ ಒಂದು ಬಿಲ್ಲೆ ಹೋಗಿತ್ತು. ಆದರೆ ಗೆರೆಗಳೆಲ್ಲ ಇದ್ದದ್ದು ಆ ಬಿಲ್ಲೆಯಲ್ಲೇ. ಆಮೇಲೆ ಅದು ಎಲ್ಲಿ ಹೋಯಿತೆಂದು ಕೇಳಿದೆ. ಆಯಿ ಸೀರೆಯ ಮೇಲಿನ ಐನೂರ ಐವತ್ತೆಂಟು ಬಿಲ್ಲೆಗಳ ಕಡೆ ನೋಡಿ, "ತೊಳದೇನಿ ಬಿಡು," ಎಂದಳು. ಆ ಚಿಪ್ಸನ್ನು ನಾನು ಇಂದಿಗೂ ಮುಟ್ಟಿಲ್ಲ.

ಭಾನುವಾರ ಮಧ್ಯಾಹ್ನದ ಊಟಕ್ಕೆ ಆಯಿ ಬಟ್ಟೆ ಬಿಚ್ಚಿ ಬಂದು ಕೂತಳು. ನಾಲ್ಕು ಬೆರಳಿನಲ್ಲಿ ರೊಟ್ಟಿ ಮುರಿದಳು, ಉಂಗುರ ಬೆರಳು ಮಾತ್ರ ಮೇಲೆ ನಿಂತೇ ಇತ್ತು.

"ಯವ್ವಾ, ಆ ಬಟ್ಟು ಯಾಕ ಮ್ಯಾಲ ಎತ್ತೀದಿ?" ಎಂದ ಅಪ್ಪ.

"ಅದಕ್ಕ ಇವತ್ತ ಉಪಾಸ."

"ಬಟ್ಟಿಗೆ ಉಪಾಸ?"

"ರೇಷನ್ ಬರೂತನಕ ಹಿಡದೇನಿ." ಆಯಿ ತಲೆ ಎತ್ತಲಿಲ್ಲ. ಅಪ್ಪ ಅವ್ವನ ಮುಖ ನೋಡಿದ, ಅವ್ವ ನನ್ನ ಮುಖ ನೋಡಿದಳು, ನಾನು ಸವತೆಕಾಯಿ ಎಣಿಸಿದೆ. ಹತ್ತೊಂಬತ್ತು.

ಅಂದೇ ಸಂಜೆ ನಾನು ಆಯಿಯ ಉಳಿದ ಒಂಬತ್ತು ಬೆರಳುಗಳನ್ನು ಒಂದೊಂದಾಗಿ ನನ್ನ ಮೊಬೈಲಿಗೆ ಕಲಿಸಿ, ಪ್ರತಿಯೊಂದಕ್ಕೂ ಹತ್ತು ಅವಕಾಶ ಕೊಟ್ಟೆ. ಬಲ ಹೆಬ್ಬೆರಳನ್ನು ಮೊಬೈಲು ಬೆರಳೆಂದೇ ಒಪ್ಪಲಿಲ್ಲ. ಎಡ ಹೆಬ್ಬೆರಳಿಗೆ ಒಂದು, ನಡುಬೆರಳುಗಳಿಗೆ ಸೊನ್ನೆ, ಉಳಿದವಕ್ಕೂ ಒಂದೆರಡರ ಮೇಲೆ ಇಲ್ಲ. ಎಡಗೈ ಕಿರುಬೆರಳಿಗೆ ಮಾತ್ರ ಹತ್ತಕ್ಕೆ ಏಳು. ಮೊಬೈಲು ಬೇರೆ, ಪಡಿತರದ ಯಂತ್ರ ಬೇರೆ ಎಂದು ಗೊತ್ತಿತ್ತು, ಆದರೂ ಬೇರೆ ದಾರಿ ಇರಲಿಲ್ಲ. ಯಾವ ಬೆರಳೂ ಇನ್ನಷ್ಟು ಸವೆಯಬಾರದೆಂದು ಆರು ದಿನ ರೊಟ್ಟಿ ಬಡಿಯುವುದು, ಪಾತ್ರೆ ತಿಕ್ಕುವುದು ಬೇಡ; ದಿನಕ್ಕೆ ಎರಡು ಸಲ ಕೊಬ್ಬರಿ ಎಣ್ಣೆ ಎಂದು ಗೊತ್ತುಮಾಡಿದೆ. ಆಯಿ ಇದನ್ನು ಕೂಡಲೇ ಒಪ್ಪಿದಳು. ಸೊಂಟ ಹಿಡಿದಿದೆ ಎಂದು ಅವ್ವನಿಗೆ ಹೇಳಿ, ಸೊಂಟ ಹಿಡಿದವಳು ಓಣಿಯೆಲ್ಲ ತಿರುಗಾಡಿ ಬಂದಳು.

ಮಾರ್ಚ್ 22, ಶನಿವಾರ. ನಾನು ರಜೆ ಹಾಕಿ ಜೊತೆಗೆ ಹೋದೆ. ಟಿಕೋಟಾದಲ್ಲಿ ಬಸ್ಸು ಬದಲಿಸಿ ಹನ್ನೊಂದೂ ಐದಕ್ಕೆ ಘೋಣಸಗಿ. ಆಯಿ ದಾರಿಯುದ್ದಕ್ಕೂ ಒಂದೂ ಮಾತಾಡಲಿಲ್ಲ, ಅದು ಅವಳ ಲೆಕ್ಕದಲ್ಲಿ ಜ್ವರಕ್ಕೆ ಸಮ. ಪಡಿತರದ ಅಂಗಡಿಯ ಮುಂದೆ ಹದಿನಾಲ್ಕು ಜನ. ಗೆಳತಿಯರು ಜಾಗ ಬಿಟ್ಟು ಕೂರಿಸಿಕೊಂಡರು.

"ಯಾಕಬೇ, ಮಾರಿ ಸಣ್ಣ ಆಗೇತಿ?"

"ಕಡೀ ಸಲ ಬಂದೇನೋ ಏನೋ," ಎಂದಳು ಆಯಿ. ಅವಳು ಬೆರಳಿನ ಕಥೆ ಹೇಳಿದಳು. ಗೆಳತಿಯರು ನಗಲೂ ಇಲ್ಲ, ಅಳಲೂ ಇಲ್ಲ. ಎಲ್ಲರೂ ತಂತಮ್ಮ ಬೆರಳು ನೋಡಿಕೊಂಡರು.

ಆಯಿಯ ಸರದಿ ಬಂತು. ಉಂಗುರ ಬೆರಳು ಇಟ್ಟಳು. ಹೊಂದಲಿಲ್ಲ. ಒರೆಸಿ ಮತ್ತೆ ಇಟ್ಟಳು. ಹೊಂದಲಿಲ್ಲ. ನಾನು ಕಿರುಬೆರಳು ಎಂದು ಸನ್ನೆ ಮಾಡಿದೆ. ಹತ್ತಕ್ಕೆ ಏಳು ಬಂದಿದ್ದ ಆ ಬೆರಳನ್ನೂ ಯಂತ್ರ ಗುರುತಿಸಲಿಲ್ಲ.

"ಇನ್ನೊಂದ ಸಲ ನೋಡೂನು ಆಯಿ," ಎಂದರು ಅಂಗಡಿಯವರು. "ಆಗಲಿಲ್ಲಂದ್ರ ಇವತ್ತಿಗೆ ಬಿಡು. ಮಂದಿ ನಿಂತಾರ."

"ಹೆಬ್ಬಟ್ಟು ಇಡಬೇ!" ಹಿಂದಿನಿಂದ ಒಬ್ಬಳು ಕೂಗಿದಳು.

"ಅದು ಸತ್ತು ನಾಕ ವರ್ಷ ಆತು."

"ಇಡು. ಸತ್ತದ್ದಕ್ಕ ನೋವೇನು?"

ಆಯಿ ನನ್ನ ಕಡೆ ನೋಡಿದಳು. ನನ್ನ ವಹಿಯಲ್ಲಿ ಬಲ ಹೆಬ್ಬೆರಳಿನ ಮುಂದೆ ಅಂಕಿಯೇ ಇರಲಿಲ್ಲ. ಅವಳು ಕಣ್ಣು ಮುಚ್ಚಿ ಇಟ್ಟಳು. ಯಂತ್ರ ಕುಂಯ್ ಎಂದು ಚೀಟಿ ಹೊರಹಾಕಿತು.

ಅಂಗಡಿಯವರು ಚೀಟಿಯನ್ನು ಎರಡು ಸಲ ಓದಿದರು. "ಹತ್ತೇತಿ," ಎಂದರು, ನಂಬಿಕೆ ಇಲ್ಲದವರ ಹಾಗೆ.

ಆಯಿ ಹೆಬ್ಬೆರಳನ್ನು ಎತ್ತಿ ಸರದಿಗೆಲ್ಲ ತೋರಿಸಿದಳು. ಆಮೇಲೆ ಎರಡು ತಾಸು ಅಂಗಡಿಯ ಕಟ್ಟೆಯ ಮೇಲೆ ಬೇರೆ ಸುದ್ದಿಗೆ ಜಾಗವಿರಲಿಲ್ಲ. ಬಸ್ಸಿನ ಹೊತ್ತಾಗುವಷ್ಟರಲ್ಲಿ ಆಯಿ ಘೋಣಸಗಿಯ ನಾಲ್ವರಿಗೆ ಸ್ಲೈಸರ್ ತರಿಸಿಕೊಡುವುದಾಗಿ ಮಾತು ಕೊಟ್ಟಿದ್ದಳು, ಟೊಪ್ಪಿಗೆ ಬೇಡ ಎಂದೂ ಸೇರಿಸಿ. ಟೊಪ್ಪಿಗೆ ಬೇಕು ಎಂದು ನಾನು ನಾಲ್ವರಿಗೂ ಬೇರೆ ಬೇರೆಯಾಗಿ ಹೇಳಿ ಬಂದೆ. ಇಬ್ಬರು ತಲೆ ಆಡಿಸಿದರು.

ಮನೆಗೆ ಬಂದ ಮೇಲೆ ಮುಚ್ಚಿಡುವ ತಾಳ್ಮೆ ಆಯಿಗೆ ಉಳಿದಿರಲಿಲ್ಲ. ಬೆರಳು ಹೆರೆದದ್ದರಿಂದ ಹಿಡಿದು ಎಲ್ಲವನ್ನೂ ಬಾಗಿಲಲ್ಲೇ ಹೇಳಿದಳು. ಅಪ್ಪ ಗಾಯ ನೋಡಿದ, ಅಕ್ಕಿ ನೋಡಿದ. "ಹತ್ತಿತಲ್ಲ? ಹಂಗಾದ್ರ ಹೋಗು. ಯಾರು ಬ್ಯಾಡ ಅಂತಾರ?" ಎಂದ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆಯಿ ಈಗ ಪ್ರತಿ ಪಡಿತರಕ್ಕೂ ಮುಂಚೆ ಏಳು ದಿನ ಹೆಬ್ಬೆರಳಿಗೆ ರಜೆ ಬೇಕೆನ್ನುತ್ತಿದ್ದಾಳೆ. "ಹಂಗಾದ್ರ ನನ್ನ ಮೊಬೈಲಿನ ಹೆಬ್ಬಟ್ಟಿಗೂ ರಜಾ ಬರೀರಿ," ಎಂದು ಅವ್ವ ರೊಟ್ಟಿಯ ಹಿಟ್ಟು ಕೆಳಗಿಟ್ಟಿದ್ದಾಳೆ.

ಸತ್ತ ಹೆಬ್ಬೆರಳು ಎದ್ದದ್ದು ಆರು ದಿನದ ವಿಶ್ರಾಂತಿಯಿಂದಲೋ, ಹನ್ನೆರಡು ಸಲ ಹಚ್ಚಿದ ಕೊಬ್ಬರಿ ಎಣ್ಣೆಯಿಂದಲೋ, ಆಲೂಗಡ್ಡೆ ತೊಳೆದ ನೀರಿನಲ್ಲಿ ಅಷ್ಟು ಹೊತ್ತು ಕೈ ಇಟ್ಟದ್ದರಿಂದಲೋ ನನಗೆ ಗೊತ್ತಿಲ್ಲ. ನೀರಿನಲ್ಲಿದ್ದದ್ದು ಎಡಗೈ, ಎದ್ದದ್ದು ಬಲಗೈ ಹೆಬ್ಬೆರಳು ಎಂಬುದನ್ನು ಮಾತ್ರ ಗಮನಿಸಬೇಕು. ಸವೆದ ಬೆರಳಿನ ಗೆರೆ ಎಷ್ಟು ದಿನಕ್ಕೆ ಮರಳುತ್ತದೆ, ರೊಟ್ಟಿ ಬಡಿದರೆ ಎಷ್ಟು ದಿನಕ್ಕೆ ಮತ್ತೆ ಹೋಗುತ್ತದೆ ಎಂದು ಬಲ್ಲವರು ದಯವಿಟ್ಟು ನನಗೆ ಬರೆಯಿರಿ. ಹಾಗೆಯೇ ಮೋಟು ಉಳಿಸದೆ ಬೆರಳು ಉಳಿಸುವ ಟೊಪ್ಪಿಗೆ ಎಲ್ಲಿಯಾದರೂ ಸಿಗುತ್ತಿದ್ದರೆ ಅದನ್ನೂ ತಿಳಿಸಿರಿ. ಏಪ್ರಿಲ್ ತಿಂಗಳ ಪಡಿತರಕ್ಕಿಂತ ಏಳು ದಿನ ಮೊದಲು ನಿಮ್ಮ ಉತ್ತರ ಕೈಸೇರಿದರೆ ಒಳ್ಳೆಯದು. ಆ ದಿನದಿಂದ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವವರು ಯಾರೂ ಇರುವುದಿಲ್ಲ, ನನ್ನನ್ನು ಬಿಟ್ಟರೆ.