ನೀರಿನ ಸರದಿ

ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಮಾಡಿದವನು ನಾನೇ ಮೊದಲು. ಅಪ್ಪ ಬೆಳಗಾವಿ ಕಡೆಯ ಹಳ್ಳಿಯಲ್ಲಿ ಗಾಣ ಹೊಡೆಯುತ್ತಿದ್ದ. ನಾನು ಪುಣೆಯಲ್ಲಿ ಬಿ.ಎ. ಮಾಡಿದೆ. ಅದರ ಹೆಮ್ಮೆ ಈಗಲೂ ಇದೆ, ಮುಚ್ಚಿಡುವುದಿಲ್ಲ. ಆದರೆ ನಾನು ಪಾಸಾದ ವರ್ಷವೇ ಇನ್ನೊಬ್ಬನ ಪರೀಕ್ಷೆ ನನ್ನಿಂದ ಹಾಳಾಯಿತು. ಅದನ್ನೂ ಮುಚ್ಚಿಡಬಾರದು.

ಸದಾಶಿವ ಪೇಠೆಯ ಹಳೆಯ ವಾಡೆಯೊಂದರಲ್ಲಿ ಕನ್ನಡ ವಿದ್ಯಾರ್ಥಿಗಳಿಗೆಂದು ಧಾರವಾಡ ಕಡೆಯ ವಕೀಲರೊಬ್ಬರು ವಸತಿ ನಡೆಸುತ್ತಿದ್ದರು. ಕುಡಿಯುವ ನೀರಿಗೆ ತಾಮ್ರದ ಹಂಡೆ, ಅದನ್ನು ತುಂಬಲು ನಮ್ಮಲ್ಲಿ ಸರದಿ. ಸರದಿಯವನು ಬೆಳಿಗ್ಗೆ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲಿ ಬೀದಿಯ ನಳದಿಂದ ಕೊಡ ಹೊತ್ತು ತರಬೇಕು. ದಾರಿಯಲ್ಲಿ ಯಾರಾದರೂ ಮೈಗೆ ತಾಕಿದರೆ ನೀರು ಚೆಲ್ಲಿ, ಮತ್ತೆ ಸ್ನಾನ. ಗಾಣಿಗನ ಮಗನೆಂದು ಎರಡು ವರ್ಷ ನನ್ನನ್ನು ಕೊಡದ ಹತ್ತಿರ ಬಿಟ್ಟಿರಲಿಲ್ಲ. ಮೂರನೆಯ ವರ್ಷ ಪಟ್ಟಿಯಲ್ಲಿ ನನ್ನ ಹೆಸರು ಸೇರಿದ ದಿನ, ಇಂಟರ್ ಪಾಸಾದಾಗಲೂ ಆಗದಷ್ಟು ಖುಷಿಯಾಗಿತ್ತು.

ನನ್ನ ಬಿ.ಎ. ಕೊನೆಯ ವರ್ಷ ಯಲ್ಲಾಪುರದ ಕಾಡಿನ ಕಡೆಯಿಂದ ಸಿದ್ದಿಯವನೊಬ್ಬ ಇಂಟರ್ ಓದಲು ಬಂದ. ಅವನ ಹಿರಿಯರನ್ನು ಎಂದೋ ಆಫ್ರಿಕದಿಂದ ಗುಲಾಮರನ್ನಾಗಿ ತಂದಿದ್ದರಂತೆ. ಅವನ ಮಂದಿಯಲ್ಲಿಯೂ ಕಾಲೇಜು ಕಂಡವನು ಅವನೇ ಮೊದಲು. ವಕೀಲರು ಸೇರಿಸಿಕೊಂಡರು, ನಾವು ಸೇರಿಸಿಕೊಳ್ಳಲಿಲ್ಲ. ಅವನ ಊಟ, ಹಾಸಿಗೆ ಎರಡೂ ಪಡಸಾಲೆಯ ಹೊರಗೆ. ನೀರನ್ನು ಮೇಲಿನಿಂದ ಅವನ ಲೋಟಕ್ಕೆ ಹೊಯ್ಯುತ್ತಿದ್ದೆವು.

“ಏ ಹಬಶಿ, ನಿಮ್ಮ ಕಡೆ ಮನಷಾರನ್ನ ತಿಂತಾರಂತಲ್ಲ, ಖರೇನ?” ಎಂದು ಒಬ್ಬ ಕೇಳಿದ.

“ತಿಂತೇವೆ. ಆದ್ರೆ ನಿಮ್ಮಂಥ ಬಡಕಲು ಮಂದಿ ಸೇರೂದಿಲ್ಲ ನಮಗೆ,” ಎಂದ ಅವನು, ಪುಸ್ತಕದಿಂದ ಕಣ್ಣೆತ್ತದೆ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಊಟದ ಜಾಗ ಮಾತ್ರ ಬದಲಾಗಲಿಲ್ಲ.

ಪರೀಕ್ಷೆಗೆ ಹತ್ತು ದಿನವಿತ್ತು. ನನ್ನ ಸರದಿ. ಕೊಡ ಹೊತ್ತು ಬರುವಾಗ ಟಾಂಗಾದವನೊಬ್ಬನ ತೋಳು ತಾಕಿತು. ವಾಡೆಯ ಮಾಳಿಗೆಯ ಸಜ್ಜದಿಂದ ನಮ್ಮವನೇ ಒಬ್ಬ ಕೂಗಿದ: “ತಾಕೀತು! ಚೆಲ್ಲೋ ಗಾಣಿಗಾ, ಚೆಲ್ಲು!” ಚೆಲ್ಲಿದೆ. ಮತ್ತೆ ಸ್ನಾನ ಮಾಡಿ ಹೋಗುವಷ್ಟರಲ್ಲಿ ನಳ ನಿಂತಿತ್ತು. ಬರಿಗೈಯಲ್ಲಿ ತಿರುಗಿದರೆ ಪಟ್ಟಿಯಿಂದ ಹೆಸರು ಹೋಗುತ್ತದೆಂಬ ಭಯ. ವಾಡೆಯ ಹಿಂದಿನ ಸಂದಿಯಲ್ಲಿ ಹಳೆಯ ಕಲ್ಲಿನ ತೊಟ್ಟಿ ಇತ್ತು. ಬೇಸಿಗೆಗೆ ತಳ ಕಂಡು, ಹಸಿರುಗಟ್ಟಿ, ಪಾತ್ರೆ ತೊಳೆಯಲಷ್ಟೇ ಬರುತ್ತಿತ್ತು. ಅದರ ನೀರನ್ನೇ ಬಟ್ಟೆಯಲ್ಲಿ ಸೋಸಿ ಹಂಡೆ ತುಂಬಿದೆ. ಯಾರೂ ತಾಕಲಿಲ್ಲ. ಮಡಿ ಪೂರ್ತಿಯಾಗಿತ್ತು.

ಮೂರನೆಯ ದಿನ ಮೂವರಿಗೆ ವಾಂತಿ ಭೇದಿ. ಒಬ್ಬ ಉಳಿಯುವುದೇ ಕಷ್ಟವೆಂಬಂತಾದ. ಡಾಕ್ಟರು ಬಂದು, ಕೆಟ್ಟ ನೀರು ಕುಡಿದಿದ್ದಾರೆ ಎಂದರು. ಅವರಿನ್ನೂ ಮೆಟ್ಟಿಲು ಇಳಿದಿರಲಿಲ್ಲ, ನಮ್ಮ ಹುಡುಗರಲ್ಲಿ ಮಾತು ಶುರುವಾಯಿತು.

“ಹಬಶಿ ಹಂಡೆ ಮುಟ್ಯಾನ.”

“ನೋಡಿದವರು ಯಾರು?”

“ನೋಡೂದ್ಯಾಕ? ಮಾರಿ ನೋಡಿದ್ರ ತಿಳಿಯೂದಿಲ್ಲೇನ?”

ಅವನು ಅಡುಗೆಮನೆಯ ಹೊಸ್ತಿಲು ದಾಟಿದವನಲ್ಲ ಎಂಬುದು ನಮಗೆಲ್ಲ ಗೊತ್ತಿತ್ತು. ಆದರೂ ಅವನು ಹೋಗುವವರೆಗೆ ಊಟ ಮುಟ್ಟುವುದಿಲ್ಲವೆಂದು ಎಲ್ಲರೂ ಹಟ ಹಿಡಿದರು. ವಕೀಲರು ಸಂಜೆಗೆ ಸೋತರು: “ಪರೀಕ್ಷಾ ಮುಗಿಯೂತನಕ ಬ್ಯಾರೆ ಕಡೆ ಇರಪಾ, ಏನು ಮಾಡ್ಲಿ ನಾ.” ನಾನು ಕಂಬಕ್ಕೆ ಒರಗಿ ನಿಂತಿದ್ದೆ. ತೊಟ್ಟಿಯ ನೀರಿನ ಮಾತು ಎತ್ತಲಿಲ್ಲ.

ಮರುದಿನ ತಡೆಯಲಾಗದೆ ಅವನ ಜೊತೆ ಕೋಣೆ ಹುಡುಕಲು ಹೊರಟೆ. ಪೇಠೆಯಿಂದ ಪೇಠೆಗೆ ಅಲೆದೆವು. ಬಾಗಿಲು ತೆರೆದವರು ಅವನ ಮುಖ ನೋಡಿ “ಜಾಗಾ ನಾಹೀ” ಎನ್ನುತ್ತಿದ್ದರು. ಹೊರಗೆ ಬಾಡಿಗೆಯ ಹಲಗೆ ತೂಗಾಡುತ್ತಿರುತ್ತಿತ್ತು. ಅವನು ಧರ್ಮಶಾಲೆಗೆ ಹೋದ. ಎರಡನೆಯ ಬೆಳಿಗ್ಗೆ ಅಲ್ಲಿಂದಲೂ ಎಬ್ಬಿಸಿದರು. ಟ್ರಂಕಿನ ಮೇಲೆ ಕೂತು, “ಹಿಂಗೇ ತಿರುಗ್ತಾ ಇದ್ರೆ ಓದೂದು ಯಾವಾಗ?” ಎಂದ.

ನಾನು ವಾಡೆಗೆ ಓಡಿಬಂದು ಎಲ್ಲರೆದುರು ಹೇಳಿಬಿಟ್ಟೆ. ನಳ ನಿಂತದ್ದು, ತೊಟ್ಟಿಯ ನೀರು, ಎಲ್ಲ.

“ಅವನ ಸಲುವಾಗಿ ಸುಳ್ಳ ಹೇಳ್ತೀ.”

“ತಾಯಾಣೆ ಖರೇ ಅದ. ಬರ್ರಿ, ತೊಟ್ಟಿ ತೋರಸ್ತೀನಿ.”

ಸಜ್ಜದಿಂದ ಕೂಗಿದ್ದವನು ನನ್ನ ಭುಜದ ಮೇಲೆ ಕೈ ಇಟ್ಟ. “ಆತು, ಬಿಡು. ನಿನ್ನಿಂದ ಆದ್ರ ಅದು ಚೂಕು, ಕೈತಪ್ಪಿ ಆದದ್ದು. ನಾಳಿಂದ ನಳದ್ದ ತಾ.”

“ಹಂಗಾದ್ರ ಅವನ್ನ ಕರಕೊಂಬರ್ತೀನಿ.”

“ಅವನ್ಯಾಕ? ಹೆಂಗೂ ಹೋಗ್ಯಾನಲ್ಲ.”

ನನ್ನನ್ನು ಯಾರೂ ಬೈಯಲಿಲ್ಲ. ಪಟ್ಟಿಯಿಂದ ಹೆಸರು ತೆಗೆಯಲಿಲ್ಲ. ಬೈದಿದ್ದರೆ, ತೆಗೆದಿದ್ದರೆ ಎಂದು ಎಷ್ಟು ಸಲ ಹಂಬಲಿಸಿದ್ದೇನೆ. ಅವನನ್ನು ಮರಳಿ ಕರೆಸಿರೆಂದು ವಕೀಲರ ಕಾಲಿಗೆ ಬಿದ್ದೆ. ಅವರು ತಲೆ ತಗ್ಗಿಸಿ ಕನ್ನಡಕ ಒರೆಸುತ್ತ ಕೂತರು.

ಧರ್ಮಶಾಲೆಗೆ ಮರಳಿದರೆ ಅವನು ಸ್ಟೇಷನ್ನಿಗೆ ಹೋದನೆಂದರು. ನಾನು ಅಲ್ಲಿ ಮುಟ್ಟುವಷ್ಟರಲ್ಲಿ ಅವನು ಊರಿಗೆ ಟಿಕೆಟ್ ತೆಗೆದಾಗಿತ್ತು. ಗಾಡಿ ಬರುವ ಮುಂಚೆ ಎಲ್ಲವನ್ನೂ ಅವನಿಗೆ ಹೇಳಿದೆ.

“ಡಾಕ್ಟರು ಬಂದ ದಿನ ಯಾಕೆ ಹೇಳ್ಲಿಲ್ಲ?”

ಗಾಡಿ ಬಂತು. ಅವನು ಟ್ರಂಕು ತಾನೇ ಎತ್ತಿಕೊಂಡ. ನಾನು ಕೈ ಹಾಕಲು ಹೋದರೆ ಬಿಡಲಿಲ್ಲ. ಪರೀಕ್ಷೆಗೆ ಇನ್ನೂ ನಾಲ್ಕು ದಿನ ಉಳಿದಿತ್ತು.